ಮಳೆಗಾಲಕ್ಕೆ ಸೂಜಿ ದಾರ, ಬಿಸಿಲಿಗೆ ಕತ್ತರಿ ಅಂಟು

ಪ್ರೀತಿಯವರಿಗೆ ಕೈಯಾರೆ ಏನಾದರೂ ಮಾಡಿ ಕೊಡಬೇಕು ಅಂತ ಇದ್ದರೆ ಮೊದಲು ಯಾವ ತಿಂಗಳು ಅಂತ ನೋಡಿ. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲ್ಲಿಮೀಟರಿಗೂ ಜಾಸ್ತಿ ಮಳೆ. ಜೂನ್ ಬಂತೆಂದರೆ ಚಾವಡಿಯಲ್ಲಿಟ್ಟ ಪೇಪರು ಕೂಡ ಗಾಳಿಗೆ ಬಿಟ್ಟ ಹಪ್ಪಳದ ಹಾಗೆ ಮೆತ್ತಗಾಗುತ್ತದೆ. ಆಗ ಕಾಗದದ ಕೆಲಸಕ್ಕೆ ಕೂತರೆ ಮಡಿಕೆ ನಿಲ್ಲುವುದಿಲ್ಲ, ಅಂಟು ಒಣಗುವುದಿಲ್ಲ, ಎರಡು ವಾರದಲ್ಲಿ ಬೂಸ್ಟು ಬೇರೆ. ಜೋರು ಮಳೆಯ ಆಟಿ ತಿಂಗಳಲ್ಲಿ ಹೊಲಿಗೆ, ದೀಪಾವಳಿ ಕಳೆದ ಮೇಲೆ ಕಾಗದ. ನಮ್ಮ ಮನೆಯಲ್ಲಿ ಹೀಗೇ ನಡೆದುಬಂದಿದೆ.

ಬಟ್ಟೆಗೆ ಅಂಗಡಿಗೆ ಓಡಬೇಡಿ, ಕಪಾಟು ತೆಗೆಯಿರಿ. ಹಳೇ ಕಾಟನ್ ಸೀರೆ, ಪಂಚೆ ಸಾಕು. ಕಾಸರಗೋಡು ಕೈಮಗ್ಗದ ಸೀರೆ ಮನೆಯಲ್ಲಿದ್ದರೆ ಕೇಳುವುದೇ ಬೇಡ, ಅದಕ್ಕೆ ಜಿಐ ಟ್ಯಾಗ್ ಸಿಕ್ಕಿದ್ದು ಸುಮ್ನೆ ಅಲ್ಲ. ಮಡಿಕೆಯಲ್ಲಿ ಹರಿದರೂ ಅಂಚು ಗಟ್ಟಿಯಾಗಿಯೇ ಉಳಿದಿರುತ್ತದೆ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಎಲ್ಲಿ ನೂಲು ಸವೆದು ತೆಳ್ಳಗಾಗಿದೆಯೋ ಅಷ್ಟು ಬಿಟ್ಟು ಕತ್ತರಿಸಿ. ಹೊಸ ಕಾಟನ್ ಆದರೆ ರಾತ್ರಿ ನೀರಲ್ಲಿ ನೆನೆಹಾಕಿ ಒಣಗಿಸಿಯೇ ಕತ್ತರಿ ಹಾಕಬೇಕು, ಇಲ್ಲದಿದ್ದರೆ ಮೊದಲನೇ ಒಗೆತಕ್ಕೇ ಚೀಲ ಕುಗ್ಗಿ ವಕ್ರವಾಗುತ್ತದೆ. ಉಪ್ಪು ನೀರಲ್ಲಿ ಅದ್ದಿದರೆ ಬಣ್ಣ ಬಿಡುವುದಿಲ್ಲ ಅಂತ ಹೇಳುವವರಿದ್ದಾರೆ. ಅದನ್ನು ನಂಬಿ ಕೆಂಪು ಬಟ್ಟೆಗೆ ಬಿಳಿ ಬಟ್ಟೆ ಜೋಡಿಸಬೇಡಿ. ಒದ್ದೆ ಮಾಡಿದ ಬಿಳಿ ಚಿಂದಿಯಿಂದ ಒಂದು ಮೂಲೆ ಉಜ್ಜಿ, ಬಣ್ಣ ಹತ್ತಿದರೆ ಅದು ಒಂಟಿಯಾಗಿಯೇ ಇರಲಿ.

ನನಗೆ ಕೊಡಲು ಇಷ್ಟವಾದದ್ದು ಲಾವಂಚದ ಪರಿಮಳದ ಬೇರು ತುಂಬಿದ ಚೀಲ. ಸೀರೆ ಕಪಾಟಿನ ಮಳೆಗಾಲದ ಮುಗ್ಗು ವಾಸನೆಗೆ ಅದಕ್ಕಿಂತ ಒಳ್ಳೆಯದು ಯಾವ ಸೆಂಟೂ ಇಲ್ಲ. ಸೀರೆಯ ಅಂಚಿನುದ್ದಕ್ಕೆ 9 ಇಂಚು, ಅಂಚಿನಿಂದ ಒಳಕ್ಕೆ 7 ಇಂಚು ಬರುವ ಹಾಗೆ ತುಂಡು ಮಾಡಿ. ಒಳ ಮಗ್ಗುಲು ಹೊರಗೆ ಬರುವಂತೆ, 9 ಇಂಚು ಅರ್ಧವಾಗುವ ಹಾಗೆ ಮಡಚಿ, ಪಕ್ಕ ಮತ್ತು ಅಡಿ ಹೊಲಿಯಿರಿ. ಅಂಚು ಬಾಯಿಗೆ ಬರುತ್ತದೆ. ಅದು ನೂಲು ಬಿಡುವುದಿಲ್ಲವಲ್ಲ, ಹಾಗಾಗಿ ಅಲ್ಲಿ ಮಡಚಿ ಹೊಲಿಯುವ ಕೆಲಸವೇ ಇಲ್ಲ, ಅಂದವೂ ಹೌದು. ಬಾಯಿಯಿಂದ ಒಂದೂವರೆ ಇಂಚು ಕೆಳಗೆ, ಪಕ್ಕದ ಹೊಲಿಗೆಯೊಳಗೆ ಒಂದು ಲಾಡಿಯ ನಡುಭಾಗವನ್ನು ಸೇರಿಸಿ ಹೊಲಿದುಬಿಟ್ಟರೆ ಕಟ್ಟಲು ದಾರ ಹುಡುಕಬೇಕಿಲ್ಲ. ಕೈಹೊಲಿಗೆಯಾದರೆ ಪ್ರತಿ ಟಾಕನ್ನೂ ಒಂದು ಹೆಜ್ಜೆ ಹಿಂದೆ ತಂದು ಹಾಕಿ. ನಿಧಾನ, ಆದರೆ ಬಿಚ್ಚುವುದಿಲ್ಲ. ಬೇರನ್ನು ತೊಳೆದು, ಚೆನ್ನಾಗಿ ಬಿಸಿಲು ಕಾಯಿಸಿ, ಇಂಚುದ್ದ ಕತ್ತರಿಸಿ, ಮುಕ್ಕಾಲು ಮಾತ್ರ ತುಂಬಿಸಿ. ಇದನ್ನು ಮಳೆ ಹಿಡಿಯುವ ಮೊದಲೇ ಒಣಗಿಸಿ ಡಬ್ಬದಲ್ಲಿ ಇಟ್ಟುಕೊಳ್ಳಬೇಕು. ಪರಿಮಳ ಕಡಿಮೆಯಾದರೆ ಬೇರಿಗೆ ನೀರು ಚಿಮುಕಿಸಿ ಪುನಃ ಒಣಗಿಸಿದರೆ ಮತ್ತೆ ಬರುತ್ತದೆ. ಕೊಡುವಾಗ ಇಷ್ಟನ್ನು ಹೇಳಿ ಕೊಡಿ, ಇಲ್ಲವಾದರೆ ಬಿಸಾಡಿಬಿಡುತ್ತಾರೆ.

ಇನ್ನು ಕಾಗದ. ಮದುವೆ ಕಾಗದಗಳ ರಾಶಿ ಯಾರ ಮನೆಯಲ್ಲಿಲ್ಲ ಹೇಳಿ? ಗಣಪತಿ ಚಿತ್ರ ಇದೆ ಅಂತ ಬಿಸಾಡಲೂ ಮನಸ್ಸಾಗುವುದಿಲ್ಲ. ಅವುಗಳ ಕವರನ್ನು ಇಡ್ಲಿ ಪಾತ್ರೆಯ ಆವಿಗೆ ಸ್ವಲ್ಪ ಹಿಡಿದರೆ ಅಂಟು ಸಡಿಲವಾಗುತ್ತದೆ. ಮೆಲ್ಲಗೆ ಬಿಡಿಸಿ, ಒಳಗಿನ ಖಾಲಿ ಮಗ್ಗುಲು ಹೊರಗೆ ಮಾಡಿ ಪುನಃ ಅಂಟಿಸಿ. ವಿಷು ಹಬ್ಬಕ್ಕೆ ಮಕ್ಕಳಿಗೆ ಕೈನೀಟ ಅಂತ ದುಡ್ಡು ಕೊಡುತ್ತೇವಲ್ಲ, ಅದಕ್ಕೆ ಸರಿಯಾದ ಲಕೋಟೆ. ಹೊಸದಾಗಿಯೇ ಮಾಡುವುದಾದರೆ ದಪ್ಪ ಕ್ಯಾಲೆಂಡರ್ ಹಾಳೆಯಲ್ಲಿ 18 ಸೆಂಟಿಮೀಟರ್ ಚೌಕ ಕತ್ತರಿಸಿ, ಕೆಳಗಿನಿಂದ ಏಳೂವರೆ ಮೇಲಕ್ಕೆ ಮಡಚಿ, ಮೇಲೆ ಉಳಿದ 3 ಸೆಂಟಿಮೀಟರ್ ಮುಚ್ಚಳ. ಎರಡೂ ಪಕ್ಕದಲ್ಲಿ 1 ಸೆಂಟಿಮೀಟರ್ ಅಂಟಿಗೆ ಹೋದರೆ 16 ಉಳಿಯುತ್ತದೆ. 500ರ ನೋಟು 15 ಸೆಂಟಿಮೀಟರ್ ಉದ್ದ, ಹಾಗಾಗಿ ಮಡಚದೆ ಕೂರುತ್ತದೆ. ಸಣ್ಣ ನೋಟುಗಳ ಚಿಂತೆಯೇ ಇಲ್ಲ.

ಮಡಚುವ ಮೊದಲು ಹಾಳೆಯನ್ನು ಉದ್ದಕ್ಕೂ ಅಡ್ಡಕ್ಕೂ ಮೆಲ್ಲಗೆ ಬಾಗಿಸಿ ನೋಡಿ. ಒಂದು ಕಡೆಗೆ ಸುಲಭವಾಗಿ ಬಾಗುತ್ತದೆ, ಹಾಗೆ ಬಾಗಿದಾಗ ಮಡಿಕೆ ಬೀಳುವ ಗೆರೆಯ ಉದ್ದಕ್ಕೇ ಕಾಗದದ ಎಳೆ ಇರುತ್ತದೆ. ಉದ್ದದ ಮಡಿಕೆ ಅದರ ಜೊತೆಗೆ ಬಂದರೆ ಗೆರೆ ಎಳೆದಷ್ಟು ನೇರ. ಎದುರಾಗಿ ಮಡಚಿದರೆ ದಪ್ಪ ಹಾಳೆ ಬಿರಿಯುತ್ತದೆ.

ಅಂಟಿಗೆ ಒಂದು ಚಮಚ ಮೈದಾ, ಆರು ಚಮಚ ನೀರು, ಗಂಟಿಲ್ಲದೆ ಕಲಸಿ ಸಣ್ಣ ಉರಿಯಲ್ಲಿ ಪಾರದರ್ಶಕವಾಗುವ ತನಕ ಕಾಯಿಸಿ. ಹುಳ, ಜಿರಳೆ ತಿನ್ನಬಾರದು ಅಂತ ಹಿಂದಿನವರು ಚಿಟಿಕೆ ಮೈಲುತುತ್ತು ಹಾಕುತ್ತಿದ್ದರು. ಅಡಿಕೆಗೆ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವ ನಮ್ಮ ಮನೆಗಳಲ್ಲಿ ಅದಕ್ಕೆ ಬರವಿಲ್ಲ, ಆದರೆ ಅದು ವಿಷ. ಮಕ್ಕಳ ಕೈಗೆ ಹೋಗುವ ಲಕೋಟೆಗೆ ಬೇಡವೇ ಬೇಡ, ಫೆವಿಕಾಲ್ ಹಚ್ಚಿ. ಜಾಸ್ತಿಯೂ ಬೇಡ, ಬೆರಳಲ್ಲಿ ತೆಳ್ಳಗೆ ಸವರಿದರೆ ಸಾಕು. ಒಣಗಿಸಲು ಅಂಗಳದ ಅಡಿಕೆ ಪಕ್ಕ ಬಿಸಿಲಿಗೆ ಹಾಕಬೇಡಿ, ಸುರುಟಿಕೊಳ್ಳುತ್ತದೆ. ನೆರಳಲ್ಲಿ, ಮಣೆಯಡಿ ಇಟ್ಟು ಮೇಲೊಂದು ಭಾರ ಹೇರಿ ಒಂದು ರಾತ್ರಿ ಬಿಡಿ. ಹೆಸರು ಬರೆಯಲು ಜೆಲ್ ಪೆನ್ ಬೇಡ, ಬೆವರು ಕೈ ತಾಗಿದರೆ ಹರಡುತ್ತದೆ. ಪೆನ್ಸಿಲ್ಲೋ ಬಾಲ್ ಪೆನ್ನೋ ಸಾಕು, ಅದೂ ಅಂಟಿಸುವ ಮೊದಲೇ ಬರೆದುಕೊಳ್ಳಿ.