ನೋಡಿ ಹೋದವರು ಮತ್ತೆ ಫೋನ್ ಮಾಡಲಿಲ್ಲ: ಮನೆ ಮಾರಿದ ನನ್ನ ಅನುಭವ

ಮನೆ ಮಾರಾಟಕ್ಕಿಟ್ಟ ಮೇಲೆ ನೋಡಲು ಯಾರೂ ಬರುವುದೇ ಇಲ್ಲ ಎನ್ನುವುದು ಒಂದು ತೊಂದರೆ. ಬಂದವರೆಲ್ಲ ನೋಡಿ, ಹೊಗಳಿ, "ಮನೇಲಿ ಮಾತಾಡಿ ಹೇಳ್ತೀವಿ ಸಾರ್" ಎಂದು ಹೋಗಿ ನಾಪತ್ತೆಯಾಗುವುದು ಇನ್ನೊಂದು. ನಮ್ಮದು ಎರಡನೆಯದು. ರಜೆ ದಿನಗಳಲ್ಲಿ ಒಬ್ಬರ ಹಿಂದೆ ಒಬ್ಬರು ಬರುತ್ತಿದ್ದರು, ಆಮೇಲೆ ವಾರವಿಡೀ ಫೋನ್ ತೆಪ್ಪಗಿರುತ್ತಿತ್ತು. ಕಂಡವರೆಲ್ಲ ಕೊಟ್ಟ ಸಲಹೆ ಒಂದೇ: ರೇಟು ಇಳಿಸಿ. ಇಳಿಸಿದೆ, ಆದರೆ ಕೊನೆಗೆ, ಅದೂ ಒಂದೇ ಸಲ. ಅದಕ್ಕಿಂತ ಮುಂಚೆ ಮಾಡಿದ ಕೆಲಸಗಳೇ ಮನೆಯನ್ನು ಮಾರಿಸಿದ್ದು ಎಂದು ನನ್ನ ಲೆಕ್ಕ.

ನಾನು ಯೋಚಿಸಿದ ರೀತಿ ಹೀಗೆ. ಜಾಹೀರಾತು ನೋಡಿ ಯಾರೂ ಬರದಿದ್ದರೆ ತೊಂದರೆ ಬೆಲೆಯಲ್ಲೋ ಫೋಟೋದಲ್ಲೋ ಇರುತ್ತದೆ. ಆದರೆ ನಾವು ಹೇಳಿದ ಬೆಲೆಯನ್ನು ಓದಿಯೇ, ಕೆಲಸ ಬಿಟ್ಟು, ಗಾಡಿ ತೆಗೆದುಕೊಂಡು ಬಂದಿದ್ದಾರೆ ಎಂದರೆ ಕಾಗದದ ಮೇಲೆ ಆ ಬೆಲೆ ಅವರಿಗೆ ಒಪ್ಪಿಗೆಯಾಗಿದೆ. ಗೇಟು ದಾಟಿದ ಮೇಲೆ ಏನೋ ಕೆಟ್ಟಿದೆ. ಒಂದೋ ಜಾಹೀರಾತು ಹೇಳಿದ್ದಕ್ಕೂ ಕಣ್ಣಿಗೆ ಬಿದ್ದದ್ದಕ್ಕೂ ತಾಳೆಯಾಗಿಲ್ಲ, ಇಲ್ಲವೇ ಯಾವುದೋ ಅನುಮಾನ ಹುಟ್ಟಿದೆ, ಇಲ್ಲವೇ ಅದೇ ದುಡ್ಡಿಗೆ ಇನ್ನೊಂದು ಮನೆ ಇದಕ್ಕಿಂತ ಚೆನ್ನಾಗಿದೆ. ಯಾವುದು ಎಂದು ತಿಳಿಯದೆ ಬೆಲೆ ಇಳಿಸುವುದು ಕಾಯಿಲೆ ಏನೆಂದು ಕೇಳದೆ ಗುಳಿಗೆ ನುಂಗಿದ ಹಾಗೆ.

ತಿಳಿಯುವುದು ಸುಲಭವಿರಲಿಲ್ಲ. ಎದುರಿಗೆ ನಿಂತು ಯಾರೂ ನಿಮ್ಮ ಮನೆ ಚೆನ್ನಾಗಿಲ್ಲ ಎನ್ನುವುದಿಲ್ಲ. ಏಜೆಂಟನ್ನು ಕೇಳಿದರೆ "ತುಂಬಾ ಇಷ್ಟ ಪಟ್ಟಿದ್ದಾರೆ ಸಾರ್, ಯೋಚನೆ ಮಾಡ್ತಿದ್ದಾರೆ" ಎಂಬ ಒಂದೇ ಪಲ್ಲವಿ. ಹಾಗಾಗಿ ನೋಡಿ ಹೋದವರಿಗೆ ಒಂದೆರಡು ದಿನ ಬಿಟ್ಟು ನಾನೇ ಮೆಸೇಜ್ ಕಳಿಸತೊಡಗಿದೆ. ಇಷ್ಟವಾಯಿತೇ ಎಂದು ಕೇಳಲಿಲ್ಲ. "ಈ ಮನೆ ಬೇಡ ಅನಿಸಿದ್ದರೆ ನಮಗೇನೂ ಬೇಸರವಿಲ್ಲ. ಒಂದೇ ಒಂದು ವಿಷಯ ಹೇಳಿ, ಅಕಸ್ಮಾತ್ ಇದನ್ನೇ ತೆಗೆದುಕೊಂಡಿದ್ದರೆ ಮೊದಲು ಯಾವುದನ್ನು ಸರಿ ಮಾಡಿಸುತ್ತಿದ್ದಿರಿ?" ಎಂದು ಕೇಳಿದೆ. ಬೇಡ ಎನ್ನುವ ಮುಜುಗರ ತಪ್ಪಿದ್ದರಿಂದಲೋ ಏನೋ, ಸುಮ್ಮನಿದ್ದವರೂ ಬಾಯಿಬಿಟ್ಟರು. ಚಿಕ್ಕ ರೂಮು ಫೋಟೋದಲ್ಲಿ ಕಂಡಷ್ಟು ದೊಡ್ಡದಿಲ್ಲ ಎಂದರು ಕೆಲವರು. ರಸ್ತೆ ಗಲಾಟೆ ಎಂದರು ಇನ್ನು ಕೆಲವರು. ಮತ್ತೆ ಮತ್ತೆ ಬಂದದ್ದು ಮಾತ್ರ ಒಂದು ಗೋಡೆಯ ಮಾತು.

ಬಚ್ಚಲಿಗೆ ಅಂಟಿಕೊಂಡ ಮಲಗುವ ಕೋಣೆಯ ಗೋಡೆ ಅದು. ನೆಲದಿಂದ ಮೊಣಕಾಲೆತ್ತರದಲ್ಲಿ, ಅಂಗೈ ಅಗಲದಷ್ಟು ಜಾಗದಲ್ಲಿ ಬಣ್ಣ ಗುಳ್ಳೆಯೆದ್ದಿತ್ತು. ಒಳಗಿನ ಪೈಪಿನ ಜಾಯಿಂಟ್ ಸೋರುತ್ತಿದ್ದದ್ದನ್ನು ಎಷ್ಟೋ ಹಿಂದೆಯೇ ರಿಪೇರಿ ಮಾಡಿಸಿದ್ದೆವು, ಬಣ್ಣ ಮಾತ್ರ ಹಾಗೇ ಉಳಿದಿತ್ತು. ನಮ್ಮ ಕಣ್ಣಿಗೆ ಅದು ಮುಗಿದ ಕತೆ. ಬಂದವರ ಕಣ್ಣಿಗೆ ಹಾಗಲ್ಲ. ಒಬ್ಬರು ಬಗ್ಗಿ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರು. ಬಣ್ಣದ ಚಕ್ಕೆ ಉದುರಿತು, ಹಿಂದೆ ಬಿಳಿ ಪುಡಿ. ಅವರು ಹೆಂಡತಿಯ ಮುಖ ನೋಡಿದರು, ಆಕೆ ಇವರ ಮುಖ ನೋಡಿದರು. ಏನೂ ಮಾತಾಡಲಿಲ್ಲ. ಮೇಲಿನ ಮಹಡಿ ನೋಡುವುದಿನ್ನೂ ಬಾಕಿಯಿತ್ತು, ನೋಡಿದ ಶಾಸ್ತ್ರ ಮಾಡಿ ಹೊರಟರು.

ಅಲ್ಲಿ ಆಗುವ ಲೆಕ್ಕ ಏನೆಂದು ನೋಡಿ. ಗೋಡೆಯೊಳಗೆ ಏನಿದೆ ಎಂದು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಗೊತ್ತಿಲ್ಲದವನು ಅತಿ ಕೆಟ್ಟದ್ದನ್ನೇ ಊಹಿಸಿ ಅದಕ್ಕೆ ತಕ್ಕ ದುಡ್ಡನ್ನು ಮನಸ್ಸಿನಲ್ಲೇ ಕಳೆದುಬಿಡುತ್ತಾನೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆ ಕಾರುಗಳ ಉದಾಹರಣೆ ಕೊಟ್ಟು ಇದನ್ನೇ ವಿವರಿಸಿದ್ದರು, 2001ರಲ್ಲಿ ಅವರಿಗೆ ನೊಬೆಲ್ ಕೂಡ ಬಂತು. ನಮ್ಮ ಗೋಡೆಯ ಮುಂದೆ ನಿಂತವರಿಗೆ ಅಕರ್ಲಾಫ್ ಗೊತ್ತಿರಬೇಕಿಲ್ಲ. ಅಂಗೈಯಗಲದ ಗುಳ್ಳೆ ನೋಡಿ ಇಡೀ ಮನೆಯ ಪೈಪ್‌ಲೈನ್ ಬದಲಿಸುವ ಖರ್ಚು ಅವರ ತಲೆಯಲ್ಲಿ ಓಡಿರುತ್ತದೆ.

ಬಣ್ಣ ಬಳಿದು ಮುಚ್ಚಿಬಿಡಿ ಎಂದವರಿದ್ದರು. ನನಗೆ ಅದು ಒಗ್ಗಲಿಲ್ಲ. ನೀತಿಯ ಮಾತು ಆಮೇಲಿರಲಿ, ಒದ್ದೆ ಗೋಡೆಗೆ ಬಳಿದ ಬಣ್ಣ ಮತ್ತೆ ಗುಳ್ಳೆಯೇಳುತ್ತದೆ. ಅಲ್ಲೊಂದೇ ಕಡೆ ಹೊಸ ಬಣ್ಣ ಕಂಡರೆ ಅನುಮಾನ ಇಮ್ಮಡಿಯಾಗುತ್ತದೆ. ಮೊದಲು ಗೋಡೆ ನಿಜವಾಗಿ ಒಣಗಿದೆಯೇ ಎಂದು ನೋಡಬೇಕಿತ್ತು. ಪ್ಲಂಬರ್ ಹೇಳಿಕೊಟ್ಟ ಉಪಾಯ ಸರಳ. ದಪ್ಪ ಪ್ಲಾಸ್ಟಿಕ್ ಹಾಳೆಯೊಂದನ್ನು ಗೋಡೆಗೆ ನಾಲ್ಕೂ ಅಂಚು ಬಿಗಿಯಾಗಿ ಟೇಪ್ ಹಾಕಿ ಅಂಟಿಸಿ ಒಂದೆರಡು ದಿನ ಬಿಡುವುದು. ಹಾಳೆಯ ಹೊರಮೈಯಲ್ಲಿ ನೀರಹನಿ ಕಂಡರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆರೆದರೆ ಸಾಕು. ಹಾಳೆಯ ಹಿಂಬದಿ ಒದ್ದೆಯಾದರೆ ತೇವ ಗೋಡೆಯಿಂದಲೇ ಬರುತ್ತಿದೆ. ನಮ್ಮದು ಎರಡೂ ಕಡೆ ಒಣಗಿತ್ತು. ಸಡಿಲಾದ ಪ್ಲಾಸ್ಟರ್ ಕೆರೆಸಿ, ಉಪ್ಪಿನ ಬಿಳಿ ಪುಡಿಯನ್ನು ಬ್ರಷ್‌ನಿಂದ ಉಜ್ಜಿ ತೆಗೆಸಿ, ಹೊಸದಾಗಿ ಪ್ಲಾಸ್ಟರ್ ಮಾಡಿಸಿ ಅದು ಪೂರ್ತಿ ಒಣಗುವ ತನಕ ಕಾದು, ಆ ಗೋಡೆ ಪೂರ್ತಿ ಬಣ್ಣ ಹೊಡೆಸಿದೆ. ಹಳೆ ರಿಪೇರಿಯ ಬಿಲ್ಲು, ಗೋಡೆ ಒಡೆದಾಗ ಫೋನಿನಲ್ಲಿ ತೆಗೆದಿದ್ದ ಫೋಟೋ, ಎರಡನ್ನೂ ಮನೆ ಪತ್ರಗಳ ಫೈಲಿನಲ್ಲಿ ಸೇರಿಸಿದೆ. ಆಮೇಲೆ ಬಂದವರಿಗೆ ಅವರು ಕೇಳುವ ಮೊದಲೇ ನಾವೇ ಹೇಳುತ್ತಿದ್ದೆವು: "ಇಲ್ಲಿ ಜಾಯಿಂಟ್ ಸೋರಿತ್ತು, ಇದು ರಿಪೇರಿ ಬಿಲ್ಲು." ಒಂದು ದೋಷವನ್ನು ನಾವಾಗಿ ಹೇಳಿದರೆ ಉಳಿದದ್ದನ್ನೂ ಜನ ನಂಬುತ್ತಾರೆ. ಇದನ್ನು ಕಣ್ಣಾರೆ ಕಂಡಿದ್ದೇನೆ.

ಚಿಕ್ಕ ರೂಮಿನ ದೂರಿಗೆ ಕಾರಣ ಫೋಟೋ. ಏಜೆಂಟ್ ಕಳಿಸಿದ್ದ ಹುಡುಗ ಮೂಲೆಯಲ್ಲಿ ನಿಂತು ವೈಡ್ ಲೆನ್ಸ್ ಹಾಕಿ ತೆಗೆದಿದ್ದ, ಮಂಚ ಹಾಕಿದರೆ ತುಂಬಿಹೋಗುವ ಕೋಣೆ ಸಭಾಂಗಣದ ಹಾಗೆ ಕಾಣುತ್ತಿತ್ತು. ಅದನ್ನು ತಲೆಯಲ್ಲಿಟ್ಟುಕೊಂಡು ಬಂದವರಿಗೆ ಬಾಗಿಲಲ್ಲೇ ಮನಸ್ಸು ಮುದುಡುತ್ತದೆ, ಆಮೇಲೆ ಹಾಲ್ ಎಷ್ಟು ಚೆನ್ನಾಗಿದ್ದರೇನು. ಎಲ್ಲ ಫೋಟೋಗಳನ್ನೂ ಬಾಗಿಲ ಬಳಿ ನಿಂತು, ಕಣ್ಣೆತ್ತರದಲ್ಲಿ, ಮಾಮೂಲಿ ಲೆನ್ಸ್‌ನಲ್ಲಿ ಮತ್ತೆ ತೆಗೆದೆ. ಪ್ರತಿ ಕೋಣೆಯ ಉದ್ದಗಲ ಬರೆದ ನಕ್ಷೆ ಸೇರಿಸಿದೆ. ಮನೆ ರಸ್ತೆಗೆ ಹೊಂದಿಕೊಂಡಿದೆ ಎಂದೂ ಬರೆದೆ. ವಿಚಾರಿಸುವ ಫೋನುಗಳು ಕಡಿಮೆಯಾದವು, ಏಜೆಂಟಿಗೆ ಸಿಟ್ಟೂ ಬಂತು. ಆದರೆ ಬಂದವರು ಹೆಚ್ಚು ಹೊತ್ತು ನಿಂತರು. ನನಗೆ ಬೇಕಾಗಿದ್ದೂ ಅದೇ.

ಮನೆ ಒಪ್ಪ ಮಾಡುವುದು, ಮಂಕು ಬಲ್ಬು ಬದಲಿಸುವುದು, ಅರ್ಧ ಕೋಣೆ ನುಂಗಿದ್ದ ಬೀರು ಸಾಗಿಸುವುದು ಇವೆಲ್ಲ ಎಲ್ಲರಿಗೂ ಗೊತ್ತಿರುವುದೇ. ವಾಸನೆಯ ಬಗ್ಗೆ ಮಾತ್ರ ಒಂದು ಮಾತು: ನಮ್ಮ ಮನೆಯ ವಾಸನೆ ನಮ್ಮ ಮೂಗಿಗೆ ತಿಳಿಯುವುದೇ ಇಲ್ಲ. ಅರ್ಧ ದಿನ ಹೊರಗಿದ್ದು ಬಂದು ಬಾಗಿಲು ತೆರೆದ ಮೊದಲ ಉಸಿರಿನಲ್ಲಿ ಸಿಗುವುದೇ ನಿಜವಾದ ವಾಸನೆ. ರೂಮ್ ಸ್ಪ್ರೇ ಹೊಡೆದರೆ ಬಂದವರು ಇಲ್ಲೇನನ್ನು ಮುಚ್ಚಿಡುತ್ತಿದ್ದಾರೆ ಎಂದೇ ಯೋಚಿಸುತ್ತಾರೆ.

ಬಂದವರ ಹಿಂದೆ ಹಿಂದೆ ಸುತ್ತುವುದನ್ನೂ ಬಿಟ್ಟೆವು. ಮನೆಯವರು ಬೆನ್ನ ಹಿಂದಿದ್ದರೆ ಗಂಡ ಹೆಂಡತಿ ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲು ಆಗುವುದಿಲ್ಲ, ಕಪಾಟು ತೆರೆಯಲು ಸಂಕೋಚ. ಬಾಗಿಲು ತೆರೆದುಕೊಟ್ಟು ಹೊರಗೆ ಕೂತೆವು. ಹೊರಗಿನಿಂದಲೇ ಬಹಳ ಗೊತ್ತಾಗುತ್ತದೆ. "ಸೂಪರ್ ಆಗಿದೆ" ಎಂದವರು ಬೇಗ ಹೋಗುತ್ತಾರೆ. ನಲ್ಲಿ ತಿರುಗಿಸಿ ನೀರಿನ ರಭಸ ನೋಡುವವರು, ಟೇಪ್ ಹಿಡಿದು ಗೋಡೆ ಅಳೆಯುವವರು, ತಿಂಗಳ ಖರ್ಚು ಎಷ್ಟು ಬರುತ್ತದೆ ಎಂದು ಕೆದಕುವವರು, ತಪ್ಪು ಹುಡುಕಿ ಗೊಣಗುವವರು, ಇವರು ಆಗಲೇ ಮನಸ್ಸಿನಲ್ಲಿ ಸಾಮಾನು ಜೋಡಿಸುತ್ತಿರುತ್ತಾರೆ. ತಪ್ಪು ಹೇಳಿದವರ ಜೊತೆ ವಾದಕ್ಕಿಳಿಯಬೇಡಿ, ಅವರೇ ಗಿರಾಕಿಗಳು.

ಇನ್ನು ಬೆಲೆ. ಕೊಂಡಾಗ ಕೊಟ್ಟದ್ದು, ಆಮೇಲೆ ಅಡುಗೆಮನೆಗೆ ಸುರಿದದ್ದು, ಎಲ್ಲ ಕೂಡಿಸಿ ಇಷ್ಟಾದರೂ ಬರಬೇಕು ಎನ್ನುವುದು ನಮ್ಮೆಲ್ಲರ ಲೆಕ್ಕ. ಕೊಳ್ಳುವವರಿಗೆ ಆ ಲೆಕ್ಕ ಬೇಕಿಲ್ಲ. ಡೇವಿಡ್ ಜೆನೆಸೋವ್ ಮತ್ತು ಕ್ರಿಸ್ಟೋಫರ್ ಮೇಯರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 1990ರ ದಶಕದ ಅಮೆರಿಕದ ಬಾಸ್ಟನ್ ನಗರದ ಫ್ಲ್ಯಾಟುಗಳ ಮಾರಾಟವನ್ನು ಅಧ್ಯಯನ ಮಾಡಿ 2001ರಲ್ಲಿ ಪ್ರಕಟಿಸಿದ್ದರು. ಕೊಂಡ ಬೆಲೆಗಿಂತ ಕಡಿಮೆಗೆ ಮಾರಬೇಕಾಗಿ ಬಂದವರು ಉಳಿದವರಿಗಿಂತ ಹೆಚ್ಚು ಬೆಲೆ ಹೇಳುತ್ತಿದ್ದರು, ಅವರ ಮನೆಗಳು ಹೆಚ್ಚು ಕಾಲ ಮಾರಾಟವಾಗದೆ ಉಳಿಯುತ್ತಿದ್ದವು.

ನಮಗೆ ಬುದ್ಧಿ ಬರಿಸಿದ ಕೆಲಸ ಬೇರೆ. ನಾವೂ ಕೊಳ್ಳುವವರ ಹಾಗೆ ಹೋಗಿ, ಅಷ್ಟೇ ಅಳತೆಯ, ಹೆಚ್ಚುಕಡಿಮೆ ಅಷ್ಟೇ ಬೆಲೆಯ ಮನೆಗಳನ್ನು ನೋಡಿ ಬಂದೆವು. ನಮ್ಮಲ್ಲಿಗೆ ಬಂದವರೆಲ್ಲ ಅವನ್ನೂ ನೋಡಿರುತ್ತಾರೆ ತಾನೆ? ಒಂದು ಮನೆಯಲ್ಲಿ ನಮ್ಮದಕ್ಕಿಂತ ಕೋಣೆ ಚಿಕ್ಕದು, ಆದರೆ ಗಾಡಿ ನಿಲ್ಲಿಸಲು ಸೂರಿದ್ದ ಜಾಗ, ಬೆಳಿಗ್ಗೆ ಪೂರ್ತಿ ಬೆಳಕು. ಹೊರಗೆ ಬಂದ ಮೇಲೆ ನನ್ನ ಹೆಂಡತಿ ಕೇಳಿದ್ದು ಇಷ್ಟೇ: "ನಿಜ ಹೇಳಿ, ಎರಡಕ್ಕೂ ಒಂದೇ ರೇಟು ಅಂದ್ರೆ ನೀವು ಯಾವ್ದು ತಗೋತೀರಿ?" ನಾನು ಉತ್ತರ ಕೊಡಲಿಲ್ಲ, ಅವಳಿಗೆ ಉತ್ತರ ಬೇಕೂ ಇರಲಿಲ್ಲ.

ಜಾಹೀರಾತಿನಲ್ಲಿ ಹೇಳುವ ಬೆಲೆಗಳನ್ನು ಬಿಟ್ಟು, ಇತ್ತೀಚೆಗೆ ಮಾರಾಟವಾಗಿ ಮುಗಿದ ಮನೆಗಳ ಬೆಲೆ ಕಲೆಹಾಕಿದೆ. ಬ್ಯಾಂಕುಗಳಿಗೆ ಮನೆ ಮೌಲ್ಯ ಕಟ್ಟಿಕೊಡುವ ಒಬ್ಬರಿಗೆ ಫೀಸು ಕೊಟ್ಟು ಮೌಲ್ಯ ಕಟ್ಟಿಸಿದೆ. ಸಾಲ ಮಾಡಿ ಕೊಳ್ಳುವವರಿಗೆ ಮನೆ ಎಷ್ಟೇ ಹಿಡಿಸಲಿ, ಬ್ಯಾಂಕು ಸಾಲ ಲೆಕ್ಕ ಹಾಕುವುದು ಅದರ ಮೌಲ್ಯಮಾಪಕ ಕಟ್ಟಿದ ಬೆಲೆಯ ಮೇಲೆ, ವ್ಯತ್ಯಾಸವನ್ನು ಅವರು ಕೈಯಿಂದ ಹಾಕಬೇಕು. ಇನ್ನೊಂದು ಸಂಗತಿ: ಜನ ಮನೆ ಹುಡುಕುವಾಗ ಗರಿಷ್ಠ ಬೆಲೆಯನ್ನು ದುಂಡು ಸಂಖ್ಯೆಯಲ್ಲಿ ಹಾಕುತ್ತಾರೆ. ಆ ಸಂಖ್ಯೆಗಿಂತ ತುಸು ಮೇಲಿದ್ದರೂ ನಮ್ಮ ಮನೆ ಅವರ ಪಟ್ಟಿಗೇ ಬರುವುದಿಲ್ಲ. ಆದ್ದರಿಂದ ಚೂರು ಚೂರೇ ಇಳಿಸುವ ಬದಲು ಒಂದೇ ಸಲಕ್ಕೆ ಕೆಳಗಿನ ದುಂಡು ಸಂಖ್ಯೆಯೊಳಗೆ ಬರುವಂತೆ ಇಳಿಸಿದೆ. ಹಂತ ಹಂತವಾಗಿ ಇಳಿಸಿದರೆ ಕಾದು ನೋಡೋಣ, ಇನ್ನೂ ಇಳಿಯುತ್ತದೆ ಎಂದು ನಾವೇ ಹೇಳಿಕೊಟ್ಟಂತೆ.

ಏಜೆಂಟ್ ಇನ್ನೂ ಇಳಿಸಿ ಎಂದ. ಅವನನ್ನು ದೂರುವುದಿಲ್ಲ, ಆದರೆ ಅವನ ಲೆಕ್ಕ ಬೇರೆ. ಬೆಲೆ ಸ್ವಲ್ಪ ಇಳಿದರೆ ಅವನ ಕಮಿಷನ್‌ನಲ್ಲಿ ಕಡಿಮೆಯಾಗುವುದು ಚಿಲ್ಲರೆ. ಸ್ಟೀವನ್ ಲೆವಿಟ್ ಮತ್ತು ಚಾಡ್ ಸೈವರ್ಸನ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಶಿಕಾಗೋ ಸುತ್ತಮುತ್ತಲಿನ ಸುಮಾರು 1 ಲಕ್ಷ ಮನೆ ಮಾರಾಟಗಳನ್ನು ಪರಿಶೀಲಿಸಿದಾಗ, ಏಜೆಂಟರು ಸ್ವಂತ ಮನೆಯನ್ನು ಗಿರಾಕಿಗಳ ಮನೆಗಿಂತ ಒಂಬತ್ತೂವರೆ ದಿನ ಹೆಚ್ಚು ಕಾದು, ಶೇ. 3.7ರಷ್ಟು ಹೆಚ್ಚಿಗೆ ಮಾರಿದ್ದು ಕಂಡುಬಂತು. ನಾನೂ ಕಾದೆ.

ಕಾಯುವಾಗ ಇನ್ನೊಂದು ವಿಷಯ ಹೊರಬಿತ್ತು. "ಅವರು ಒಂದು ರೇಟು ಅಂದ್ರೆ ಒಂದೇ ರೇಟು" ಎಂದು ಯಾರೋ ಹಬ್ಬಿಸಿದ್ದರು. ಕಡಿಮೆ ಕೇಳಿದರೆ ನಮಗೆ ಬೇಜಾರಾದೀತು ಎಂದು ಕೆಲವರು ಕೇಳಿಯೇ ಇರಲಿಲ್ಲ! ಅಂದಿನಿಂದ, ಎರಡನೇ ಸಲ ಬಂದವರನ್ನು ಕೂರಿಸಿ ಪತ್ರಗಳ ಫೈಲ್ ಮುಂದಿಟ್ಟು ಕೇಳುತ್ತಿದ್ದೆ: "ನಿಮ್ಮ ಲೆಕ್ಕದಲ್ಲಿ ಈ ಮನೆಗೆ ಎಷ್ಟು ಕೊಡಬಹುದು? ಹೇಳಿ, ತಪ್ಪು ತಿಳಿಯೋದಿಲ್ಲ."

ಮೊದಲ ಸಲ ಬಂದಾಗ ಕಿಟಕಿಯ ಚಿಲಕದಿಂದ ಹಿಡಿದು ಸಿಂಕಿನ ಎತ್ತರದ ತನಕ ಎಲ್ಲಕ್ಕೂ ಹೆಸರಿಟ್ಟಿದ್ದ ಹೆಂಗಸೊಬ್ಬರು ತಮ್ಮನನ್ನು ಕರೆದುಕೊಂಡು ಮತ್ತೆ ಬಂದರು. ಆತ ಬಿಲ್ಲು ಓದಿದ, ಗೋಡೆ ತಟ್ಟಿದ. ಆಕೆ ಹೇಳಿದ ಸಂಖ್ಯೆ ನಮ್ಮದಕ್ಕಿಂತ ಸಾಕಷ್ಟು ಕೆಳಗಿತ್ತು. ನಾನು ತಕ್ಷಣ ಇನ್ನೊಂದು ಸಂಖ್ಯೆ ಹೇಳದೆ ಯಾವಾಗ ಮನೆಗೆ ಬರಬೇಕೆಂದಿದ್ದೀರಿ ಎಂದು ಕೇಳಿದೆ. ಅವರಿಗೆ ಬಾಡಿಗೆ ಮನೆ ಬೇಗ ಖಾಲಿ ಮಾಡಬೇಕಿತ್ತು. ನಾವು ಅವರಿಗೆ ಬೇಕಾದ ದಿನಕ್ಕೆ ಬಿಟ್ಟುಕೊಡುವುದು, ಪರದೆ, ಫ್ಯಾನು, ಗೀಸರ್ ಅಲ್ಲೇ ಬಿಡುವುದು, ಅವರು ಬೆಲೆಯಲ್ಲಿ ಮೇಲೆ ಬರುವುದು ಎಂದು ಮಾತಾಯಿತು. ಏನೇನು ಬಿಟ್ಟುಹೋಗುತ್ತೇವೆ ಎಂಬುದನ್ನು ಬರೆದು ಇಬ್ಬರೂ ಸಹಿ ಹಾಕಿದೆವು. ಇಂಥ ಕಡೆ ಒಂದು ಗೀಸರ್‌ಗೂ ಜಗಳವಾಗುತ್ತದೆ.

ಮುಂಗಡ ನಮ್ಮ ಖಾತೆಗೆ ಬೀಳುವ ತನಕ ಜಾಹೀರಾತು ತೆಗೆಯಲಿಲ್ಲ, ಆಕೆಗೂ ಅದನ್ನು ಮೊದಲೇ ಹೇಳಿದ್ದೆ. ಅವರಿಗೆ ಬ್ಯಾಂಕಿನಿಂದ ಸಾಲ ಮಂಜೂರಾದ ಪತ್ರ ಬರುವವರೆಗೆ, ಎರಡನೇ ಸ್ಥಾನದಲ್ಲಿದ್ದ ಪಾರ್ಟಿಗೂ ವಿಷಯ ಇದ್ದ ಹಾಗೆ ತಿಳಿಸಿ ಸಂಪರ್ಕದಲ್ಲಿಟ್ಟುಕೊಂಡಿದ್ದೆ.