ಎಸಿ ಕೊಳ್ಳುವ ಮೊದಲು ಸಜ್ಜ ಹಾಕಿ: ತಣ್ಣನೆಯ ಮನೆ ಕಟ್ಟುವುದು ಹೇಗೆ?

ಏಪ್ರಿಲ್ ತಿಂಗಳ ಒಂದು ರಾತ್ರಿ, ಹತ್ತು ಗಂಟೆ. ದಾವಣಗೆರೆಯ ನಮ್ಮ ಹೊಸ ಮನೆಯ ಮಹಡಿ ರೂಮಿನಲ್ಲಿ ನಿದ್ದೆ ಬರದೆ ಹೊರಳಾಡುತ್ತಿದ್ದೆ. ಸುಮ್ನೆ ಪಶ್ಚಿಮದ ಗೋಡೆ ಮೇಲೆ ಕೈ ಇಟ್ಟೆ. ಒಲೆಯಿಂದ ಇಳಿಸಿ ಸ್ವಲ್ಪ ಹೊತ್ತಾದ ದೋಸೆ ಹಂಚಿನ ಹಾಗಿತ್ತು. ಹೊತ್ತು ಮುಳುಗಿ ಮೂರು ಗಂಟೆ ದಾಟಿತ್ತು. ಬಾಲ್ಕನಿಯಲ್ಲಿ ತಂಗಾಳಿ ಬೀಸುತ್ತಿತ್ತು. ಒಳಗೆ ಫ್ಯಾನ್ ಐದರಲ್ಲಿ ತಿರುಗುತ್ತಿದ್ದರೂ ಬರೀ ಬಿಸಿಗಾಳಿ.

ತಪ್ಪು ನನ್ನದೇ. ‘ಎಲಿವೇಶನ್ ಚೆನ್ನಾಗಿ ಕಾಣಬೇಕು’ ಅಂತ ಪಶ್ಚಿಮಕ್ಕೆ ಎಂಟು ಅಡಿ ಎತ್ತರದ ಗಾಜು ಹಾಕಿಸಿದ್ದೆ. ಸಜ್ಜ ಇದ್ದರೆ ಅಂದ ಕೆಡುತ್ತದೆ ಅಂದರು, ಒಪ್ಪಿಕೊಂಡೆ. ನಾಲ್ಕು ವರ್ಷ ಬಿಟ್ಟು ಅದೇ ಊರಿನಲ್ಲಿ ತಂಗಿ ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟಲು ಹೊರಟಾಗ, ಪ್ಲಾನ್ ಶುರುವಾದ ದಿನದಿಂದಲೇ ಜೊತೆಗಿದ್ದೆ. ಅಲ್ಲಿ ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಹೇಳುತ್ತೇನೆ.

ಹೆಜ್ಜೆ 1: ಸೈಟಿನಲ್ಲಿ ಮೂರು ಹೊತ್ತು ನಿಲ್ಲಿ

ಪ್ಲಾನ್ ಬರೆಸುವ ಮೊದಲು ಒಂದು ಭಾನುವಾರ ಬಿಡುವು ಮಾಡಿಕೊಳ್ಳಿ. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಹನ್ನೆರಡೂವರೆಗೆ, ಸಂಜೆ ನಾಲ್ಕಕ್ಕೆ ಸೈಟಿನಲ್ಲಿ ನಿಂತು ನೆರಳು ಎಲ್ಲಿ ಬೀಳುತ್ತದೆ ನೋಡಿ. ಪಕ್ಕದ ಮನೆಯ ನೆರಳು ನಿಮ್ಮ ಸೈಟಿಗೆ ಯಾವಾಗ ಬರುತ್ತದೆ, ಗಾಳಿ ಯಾವ ಕಡೆಯಿಂದ ನುಗ್ಗುತ್ತದೆ, ಇದೆಲ್ಲ ಕಾಗದದ ಮೇಲೆ ಕಾಣುವುದಿಲ್ಲ.

ನಮ್ಮ ಕಡೆ ಮನೆಗೆ ದೊಡ್ಡ ಶತ್ರು ಪಶ್ಚಿಮದ ಬಿಸಿಲು. ಮಧ್ಯಾಹ್ನ ಮೂರರ ನಂತರ ಸೂರ್ಯ ಕೆಳಗಿಳಿದು ನೇರ ಗೋಡೆಗೇ ಹೊಡೆಯುತ್ತಾನೆ, ಅದೂ ಗಾಳಿ ಆಗಲೇ ಕಾದಿರುವ ಹೊತ್ತಿನಲ್ಲಿ. ಹಾಗಾಗಿ ಪಶ್ಚಿಮಕ್ಕೆ ಬಚ್ಚಲು, ಮೆಟ್ಟಿಲು, ಸ್ಟೋರ್ ರೂಮ್ ಬರಲಿ. ಯಾರೂ ಹೆಚ್ಚು ಹೊತ್ತು ಕೂರದ ಜಾಗಗಳು ಬಿಸಿಲಿಗೆ ಅಡ್ಡ ನಿಂತರೆ ಒಳಗಿನ ರೂಮುಗಳು ಬದುಕುತ್ತವೆ.

ಇಲ್ಲಿ ವಾಸ್ತು ಮಾತು ಬಂದೇ ಬರುತ್ತದೆ. ಯಜಮಾನರ ರೂಮು ನೈಋತ್ಯಕ್ಕೇ ಇರಬೇಕು ಅನ್ನುತ್ತಾರೆ. ಸಂಜೆ ಬಿಸಿಲಿಗೆ ಅದಕ್ಕಿಂತ ಕೆಟ್ಟ ಮೂಲೆ ಇಲ್ಲ! ತಂಗಿಯ ಅತ್ತೆಯವರು ಬಿಲ್‌ಕುಲ್ ಒಪ್ಪಲಿಲ್ಲ, ನಾವೂ ಜಗಳಕ್ಕೆ ಹೋಗಲಿಲ್ಲ. ರೂಮು ನೈಋತ್ಯದಲ್ಲೇ ಉಳಿಯಿತು. ಕಿಟಕಿ ಮಾತ್ರ ದಕ್ಷಿಣಕ್ಕೆ ಹೋಯಿತು, ಪಶ್ಚಿಮದ ಗೋಡೆಯುದ್ದಕ್ಕೂ ವಾರ್ಡ್‌ರೋಬ್ ಬಂತು. ಈಗ ಬಿಸಿ ಮೊದಲು ಬಟ್ಟೆಗೆ, ಆಮೇಲೆ ಮನುಷ್ಯರಿಗೆ.

ಹೆಜ್ಜೆ 2: ಸಜ್ಜಕ್ಕೆ ಜಿಪುಣತನ ಬೇಡ

‘ಒಂದೂವರೆ ಅಡಿ ಸಾಕು ಬಿಡ್ರಿ ಸಾರ್, ಎಲ್ರೂ ಅಷ್ಟೇ ಹಾಕ್ಸೋದು’ ಅಂದರು ಮೇಸ್ತ್ರಿ. ಎರಡು ಅಡಿಗೆ ಯಾಕೆ ಹಟ ಹಿಡಿದೆವು ಅನ್ನುವುದಕ್ಕೆ ಸ್ವಲ್ಪ ಲೆಕ್ಕ ಇದೆ.

ದಾವಣಗೆರೆ ಇರುವುದು ಭೂಮಧ್ಯರೇಖೆಯಿಂದ ಸುಮಾರು 14.5 ಡಿಗ್ರಿ ಉತ್ತರಕ್ಕೆ. ಇಲ್ಲಿ ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ಮಧ್ಯಕ್ಕೊಮ್ಮೆ ನಡು ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ ವಾಲುತ್ತಾನೆ. ಆಗ ಮಧ್ಯಾಹ್ನವೂ ಅವನ ಎತ್ತರ ಸುಮಾರು 52 ಡಿಗ್ರಿ ಅಷ್ಟೇ. ದಕ್ಷಿಣದ ಕಿಟಕಿಗೆ ಎರಡು ಅಡಿ ಸಜ್ಜ ಇದ್ದರೆ ಡಿಸೆಂಬರ್ ಮಧ್ಯಾಹ್ನ ನೆರಳು ಎರಡೂವರೆ ಅಡಿ ಕೆಳಗಿನವರೆಗೆ ಬರುತ್ತದೆ. ಕಿಟಕಿಯ ಕೆಳಭಾಗದಿಂದ ಚಳಿಗಾಲದ ಎಳೆ ಬಿಸಿಲು ಒಳಗೆ ಬರುತ್ತದೆ, ಬೇಕಾದದ್ದೂ ಅದೇ. ಯುಗಾದಿ ಹೊತ್ತಿಗೆ ಅದೇ ಸಜ್ಜದ ನೆರಳು ಏಳೂವರೆ ಅಡಿ ಇಳಿಯುತ್ತದೆ. ಇಡೀ ಕಿಟಕಿ ನೆರಳಿನಲ್ಲಿ. ಕರೆಂಟ್ ಇಲ್ಲ, ಬಟನ್ ಇಲ್ಲ, ಕಾಲಕ್ಕೆ ತಕ್ಕ ಹಾಗೆ ತಾನೇ ಕೆಲಸ ಮಾಡುತ್ತದೆ.

ಆದರೆ ಈ ಲೆಕ್ಕ ಪೂರ್ವ, ಪಶ್ಚಿಮಕ್ಕೆ ನಡೆಯುವುದಿಲ್ಲ. ಅಲ್ಲಿ ಸೂರ್ಯ ಕೆಳಗಿರುತ್ತಾನೆ, ಸಜ್ಜದ ಅಡಿಯಿಂದಲೇ ಒಳಗೆ ನುಗ್ಗುತ್ತಾನೆ. ಅದಕ್ಕೆ ನಿಂತ ಅಡ್ಡ ಬೇಕು. ಸುಟ್ಟ ಮಣ್ಣಿನ ಜಾಲಿ, ಬಿದಿರಿನ ಪರದೆ, ಬಳ್ಳಿ ಹಬ್ಬಿಸಿದ ಚಪ್ಪರ, ಯಾವುದಾದರೂ ಆಗುತ್ತದೆ. ಜಾಗ ಇದ್ದರೆ ಒಂದು ಹೊಂಗೆ ಮರ. ಯುಗಾದಿ ಹೊತ್ತಿಗೆ ಅದು ಹೊಸ ಎಲೆ ಬಿಟ್ಟು ದಟ್ಟವಾಗುತ್ತದೆ, ಸರಿಯಾಗಿ ಬೇಸಿಗೆಗೆ.

ಅಡ್ಡ ಯಾವಾಗಲೂ ಗಾಜಿನ ಹೊರಗಿರಬೇಕು. ಒಳಗೆ ಎಷ್ಟೇ ದಪ್ಪದ ಕರ್ಟನ್ ಹಾಕಿ, ಗಾಜು ದಾಟಿ ಬಂದ ಬಿಸಿ ಮನೆಯೊಳಗೇ ಉಳಿಯುತ್ತದೆ. ನಾನು ಕರ್ಟನ್‌ಗೆ ಸುರಿದ ದುಡ್ಡಿನಲ್ಲಿ ನಾಲ್ಕು ಸಜ್ಜ ಆಗುತ್ತಿತ್ತು.

ಇನ್ನೊಂದು ಸಣ್ಣ ವಿಷಯ, ಹೆಚ್ಚಿನವರು ಮರೆಯುವುದು. ಸಜ್ಜದ ಅಡಿಯಲ್ಲಿ, ಹೊರ ಅಂಚಿನಿಂದ ಒಂದಿಂಚು ಒಳಗೆ, ಬೆರಳಗಲದ ಗೀರು ಬಿಡಿಸಿ. ಮಳೆ ನೀರು ಅಡಿಯಲ್ಲೇ ಹರಿದು ಗೋಡೆಗೆ ಬರದೆ ಅಲ್ಲೇ ತೊಟ್ಟಿಕ್ಕುತ್ತದೆ. ಗೋಡೆಗೆ ಕಪ್ಪು ಪಾಚಿ ಹಿಡಿಯುವುದಿಲ್ಲ, ಕಿಟಕಿಯ ಮರ ಉಬ್ಬುವುದಿಲ್ಲ.

ಹೆಜ್ಜೆ 3: ತಾರಸಿ

ಇಡೀ ದಿನ ಬಿಸಿಲಿಗೆ ಬೆನ್ನು ಕೊಟ್ಟಿರುವುದು ತಾರಸಿ. ಐದಿಂಚಿನ ಕಾಂಕ್ರೀಟು ಹಗಲೆಲ್ಲ ಕಾದು, ರಾತ್ರಿ ನಿಧಾನಕ್ಕೆ ಆ ಬಿಸಿಯನ್ನು ನಿಮ್ಮ ಮಂಚದ ಮೇಲೆ ಇಳಿಸುತ್ತದೆ. ಖರ್ಚಿಗೆ ತಕ್ಕ ಫಲ ಬೇಕಾದರೆ ಮೊದಲ ದುಡ್ಡು ಇಲ್ಲಿಗೇ ಹೋಗಲಿ.

ಎಲ್ಲಕ್ಕಿಂತ ಅಗ್ಗದ ದಾರಿ ಬಿಳಿ ಬಣ್ಣ. ಮೊದಲು ನೀರು ಸೋರದ ಹಾಗೆ ವಾಟರ್‌ಪ್ರೂಫಿಂಗ್ ಮಾಡಿಸಿ, ನೀರು ಹರಿಯಲು ಇಳಿಜಾರು ಕೊಡಿಸಿ. ಅದರ ಮೇಲೆ ಅಂಟು ಬೆರೆಸಿದ ಸುಣ್ಣ ಆದರೂ ಸರಿ, ಕೂಲ್ ರೂಫ್ ಪೇಂಟ್ ಆದರೂ ಸರಿ. ಸುಣ್ಣವನ್ನು ವರ್ಷಕ್ಕೊಮ್ಮೆ ಬಳಿಯಬೇಕು, ಪೇಂಟು ಕೆಲವು ವರ್ಷ ಬರುತ್ತದೆ. ಬಹಳ ವರ್ಷ ಬಾಳಬೇಕು ಅಂದರೆ ಒಡೆದ ಬಿಳಿ ಟೈಲ್ಸ್ ಚೂರುಗಳನ್ನು ಕೂರಿಸಿ. ಚೂರುಗಳು ಟೈಲ್ಸ್ ಅಂಗಡಿಯಲ್ಲಿ ಅಗ್ಗಕ್ಕೇ ಸಿಗುತ್ತವೆ, ಕೂರಿಸುವ ಕೂಲಿಯೇ ಜಾಸ್ತಿ. ವ್ಯತ್ಯಾಸ ಗೊತ್ತಾಗಬೇಕಾದರೆ ಮಧ್ಯಾಹ್ನ ಬರಿಗಾಲಲ್ಲಿ ನಡೆದು ನೋಡಿ. ನಮ್ಮ ತಾರಸಿಯಲ್ಲಿ ಆಗ ಬಟ್ಟೆ ಒಣಹಾಕಲು ಚಪ್ಪಲಿ ಬೇಕೇ ಬೇಕಿತ್ತು. ತಂಗಿಯ ತಾರಸಿಯಲ್ಲಿ ಮಕ್ಕಳು ಬರಿಗಾಲಲ್ಲೇ ಓಡುತ್ತಾರೆ. ಆದರೆ ಬೂದಿ ಬಣ್ಣದ ಧೂಳು ಕೂತರೆ ಬಿಳಿ ಕೆಲಸ ಮಾಡುವುದಿಲ್ಲ, ಆಗಾಗ ತೊಳೆಯಬೇಕು.

ಮೋಲ್ಡ್ ಹಾಕುವ ಮೊದಲೇ ಯೋಚಿಸಿದರೆ ಇನ್ನೂ ಒಳ್ಳೆಯ ದಾರಿ ಫಿಲ್ಲರ್ ಸ್ಲ್ಯಾಬ್. ತಿರುವನಂತಪುರದಲ್ಲಿ ಕುಳಿತು ಸಾವಿರಾರು ಮನೆಗಳಿಗೆ ದಾರಿ ತೋರಿದ ವಾಸ್ತುಶಿಲ್ಪಿ ಲಾರಿ ಬೇಕರ್ ಇದನ್ನು ಜನಪ್ರಿಯಗೊಳಿಸಿದರು. ಸ್ಲ್ಯಾಬಿನ ಕೆಳಭಾಗದ ಕಾಂಕ್ರೀಟು ಭಾರ ಹೊರುವುದು ಕಡಿಮೆ, ಅಲ್ಲಿ ಎಳೆತ ತಡೆಯುವುದು ಕಬ್ಬಿಣ. ಹಾಗಾಗಿ ಕಂಬಿಗಳ ನಡುವೆ ಕಾಂಕ್ರೀಟಿನ ಬದಲು ಮಂಗಳೂರು ಹೆಂಚುಗಳನ್ನು ಇಡುತ್ತಾರೆ. ಎರಡು ಹೆಂಚು ಒಂದರ ಮೇಲೊಂದು ಮಗುಚಿಟ್ಟರೆ ನಡುವೆ ಗಾಳಿ ಉಳಿಯುತ್ತದೆ, ಬಿಸಿ ಕೆಳಗಿಳಿಯುವುದು ನಿಧಾನವಾಗುತ್ತದೆ. ಸಿಮೆಂಟೂ ಉಳಿಯುತ್ತದೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿ ಶುರು ಮಾಡಿದ ಹೆಂಚು ಈಗ ಇಳಿಜಾರು ಮಾಡಿನಿಂದ ಇಳಿದು ಸ್ಲ್ಯಾಬಿನೊಳಗೆ ಸೇರಿಕೊಂಡಿದೆ.

ತಂಗಿಯ ಹಾಲಿನಲ್ಲಿ ತಲೆ ಎತ್ತಿ ನೋಡಿದರೆ ಕೆಂಪು ಹೆಂಚಿನ ಸಾಲು ಕಾಣುತ್ತದೆ. ಬಂದವರೆಲ್ಲ ‘ಫಾಲ್ಸ್ ಸೀಲಿಂಗ್ ಎಲ್ಲಿ ಮಾಡಿಸಿದಿರಿ’ ಅಂತ ಕೇಳುತ್ತಾರೆ. ಒಂದು ಎಚ್ಚರ: ಕಂಬಿಯ ಲೆಕ್ಕವನ್ನು ಎಂಜಿನಿಯರ್ ಕೈಯಲ್ಲೇ ಮಾಡಿಸಿ, ಈ ಕೆಲಸ ಮೊದಲು ಮಾಡಿರುವ ಮೇಸ್ತ್ರಿಯನ್ನೇ ಹುಡುಕಿ. ಹೆಂಚನ್ನು ನೀರಲ್ಲಿ ನೆನೆಸಿ ಇಡದಿದ್ದರೆ ಕಾಂಕ್ರೀಟಿನ ನೀರನ್ನು ಅದೇ ಕುಡಿದುಬಿಡುತ್ತದೆ.

ಹೆಜ್ಜೆ 4: ಗೋಡೆ

ಹೊರಗೋಡೆಗೆ ನಾಲ್ಕಿಂಚಿನ ಇಟ್ಟಿಗೆ ಬೇಡ. ಅಷ್ಟೇ ಹೇಳಿ ಮುಗಿಸಬಹುದಿತ್ತು, ಆದರೆ ಒಂದು ಆಯ್ಕೆ ಹೇಳಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದವರು ಒತ್ತಿದ ಮಣ್ಣಿನ ಇಟ್ಟಿಗೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಮಣ್ಣು, ಮರಳು, ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ, ಮೂರು ನಾಲ್ಕು ವಾರ ನೀರುಣಿಸಿದರೆ ಆಯಿತು. ಸುಡುವ ಕೆಲಸವೇ ಇಲ್ಲ, ಸೌದೆಯೂ ಬೇಡ. ನೋಡಲು ಚೆಂದ, ಹಾಗಾಗಿ ಪ್ಲಾಸ್ಟರ್, ಪೇಂಟಿನ ಖರ್ಚೂ ಉಳಿಯುತ್ತದೆ. ಮಣ್ಣಲ್ಲವೇ, ಮಳೆಗೆ ಕರಗುವುದಿಲ್ಲವೇ ಅಂತ ಎಲ್ಲರೂ ಕೇಳುತ್ತಾರೆ. ನೆಲದಿಂದ ಎರಡು ಅಡಿ ಕಲ್ಲು ಕಟ್ಟಿ, ಮೇಲೆ ಅಗಲ ಸಜ್ಜ ಕೊಟ್ಟರೆ ನೀರಿನ ಎರಚಲು ಮುಟ್ಟುವುದಿಲ್ಲ. ಕಪ್ಪು ಎರೆಮಣ್ಣು ಮಾತ್ರ ಇದಕ್ಕೆ ಆಗದು, ಹಿಗ್ಗಿ ಕುಗ್ಗುವ ಮಣ್ಣು ಅದು. ನಿಮ್ಮ ಮಣ್ಣನ್ನು ಮೊದಲು ಪರೀಕ್ಷೆ ಮಾಡಿಸಿ.

ಹೆಜ್ಜೆ 5: ಗಾಳಿಗೆ ಬರುವ ದಾರಿ, ಹೋಗುವ ದಾರಿ

ಒಂದೇ ಗೋಡೆಗೆ ಎರಡು ದೊಡ್ಡ ಕಿಟಕಿಗಿಂತ ಎದುರುಬದುರು ಗೋಡೆಗೆ ಒಂದೊಂದು ಸಣ್ಣ ಕಿಟಕಿ ಮೇಲು. ಬಂದ ಗಾಳಿ ಹೋಗಲು ದಾರಿ ಇಲ್ಲದಿದ್ದರೆ ಬರುವುದೇ ಇಲ್ಲ. ಬಿಸಿಗಾಳಿ ಮೇಲೇರುವುದರಿಂದ ಎತ್ತರದಲ್ಲೂ ಒಂದು ತೆರಪು ಬೇಕು. ಉತ್ತರ ಕರ್ನಾಟಕದ ಮಾಳಿಗೆ ಮನೆಯ ಬೆಳಕಿಂಡಿ, ಹಳೇ ಮೈಸೂರಿನ ತೊಟ್ಟಿ ಮನೆಯ ನಡುವಿನ ತೆರೆದ ಜಾಗ ಮಾಡುತ್ತಿದ್ದದ್ದು ಇದನ್ನೇ. ಮೂವತ್ತು ನಲವತ್ತರಲ್ಲಿ ತೊಟ್ಟಿಗೆ ಜಾಗ ಎಲ್ಲಿ? ತಂಗಿಯ ಮನೆಯಲ್ಲಿ ಮೆಟ್ಟಿಲ ಕೋಣೆಯೇ ಆ ಕೆಲಸ ಮಾಡುತ್ತದೆ. ಅದರ ತುದಿಯಲ್ಲಿ ನಾಲ್ಕು ಕಡೆ ಜಾಲಿ, ಒಳಗೆ ಸೊಳ್ಳೆ ಪರದೆ. ಕೆಳಗಿನ ಕಿಟಕಿ ತೆಗೆದರೆ ಗಾಳಿ ಮೆಟ್ಟಿಲು ಹತ್ತಿ ಹೊರಗೆ ಹೋಗುವುದು ಗೊತ್ತಾಗುತ್ತದೆ.

ನಮ್ಮ ಒಣ ಹವೆಯ ಊರುಗಳಲ್ಲಿ ಬೇಸಿಗೆಯ ದಿನ ಹತ್ತು ಹನ್ನೊಂದಕ್ಕೆ ಕಿಟಕಿ ಮುಚ್ಚಿ, ಹೊರಗೆ ತಂಪಾದ ಮೇಲೆ ತೆಗೆದು ರಾತ್ರಿಯಿಡೀ ಬಿಡಿ. ಮಂಗಳೂರು, ಉಡುಪಿಯವರು ಹೀಗೆ ಮಾಡಬೇಡಿ. ಅಲ್ಲಿ ಸೆಕೆ ಬೆವರಿನದು, ಗಾಳಿ ಹಗಲೂ ಆಡುತ್ತಲೇ ಇರಬೇಕು.

ಹೆಜ್ಜೆ 6: ಫ್ಯಾನ್, ಸೋಲಾರ್, ಕೊನೆಗೆ ಎಸಿ

ಇಷ್ಟಾದ ಮೇಲೆ ಯಂತ್ರಗಳ ಅಂಗಡಿಗೆ ಹೋಗಿ. ಹಳೇ ಫ್ಯಾನ್ 75 ವ್ಯಾಟ್ ತಿನ್ನುತ್ತದೆ, ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ ಸುಮಾರು 30. ಐದು ಫ್ಯಾನ್ ದಿನಕ್ಕೆ ಹತ್ತು ಗಂಟೆ ತಿರುಗಿದರೆ ತಿಂಗಳಿಗೆ 112 ಯೂನಿಟ್ ಇದ್ದದ್ದು 45ಕ್ಕೆ ಇಳಿಯುತ್ತದೆ. ‘ಗೃಹಜ್ಯೋತಿ ಇದೆಯಲ್ಲ, ಬಿಲ್ ಯಾರು ಕಟ್ತಾರೆ’ ಅನ್ನಬೇಡಿ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಬೇಸಿಗೆಯಲ್ಲಿ ಎಸಿ ಹಾಕಿದವರು ಅದನ್ನು ದಾಟುವುದು ಸುಲಭ.

ಸೋಲಾರ್ ಹೀಟರ್ ಇಡುವುದಾದರೆ ಬಚ್ಚಲುಗಳು ಒಂದರ ಮೇಲೊಂದು ಬರಲಿ, ಹೀಟರ್ ಅದರ ನೇರ ಮೇಲಿರಲಿ. ಪೈಪು ಉದ್ದವಾದಷ್ಟೂ ಬಿಸಿನೀರು ಬರುವವರೆಗೆ ಬಕೆಟ್ ಗಟ್ಟಲೆ ತಣ್ಣೀರು ಪೋಲು. ಕರೆಂಟ್ ಸೋಲಾರ್‌ಗೆ ಪ್ರತಿ ಕಿಲೋವ್ಯಾಟ್‌ಗೆ ಸುಮಾರು ನೂರು ಚದರಡಿ ನೆರಳಿಲ್ಲದ ಜಾಗ ಬೇಕು. ಒಂದು ಕಿಲೋವ್ಯಾಟ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ಓವರ್‌ಹೆಡ್ ಟ್ಯಾಂಕನ್ನು ಉತ್ತರದ ಅಂಚಿಗೆ ಕೂರಿಸಿ, ಇಲ್ಲದಿದ್ದರೆ ಅದರ ನೆರಳು ಪ್ಯಾನೆಲ್ ಮೇಲೆ ಬಿದ್ದೀತು.

ಎಸಿ? ಬೇಕಾದರೆ ಒಂದು ರೂಮಿಗೆ, 24 ಅಥವಾ 26ಕ್ಕೆ ಇಟ್ಟು, ಜೊತೆಗೆ ಫ್ಯಾನ್ ಹಾಕಿ. ತಂಗಿ ಅದಕ್ಕೆ ಪಾಯಿಂಟ್ ಬಿಡಿಸಿದ್ದಾಳೆ, ಇನ್ನೂ ಎಸಿ ಕೊಂಡಿಲ್ಲ.

ಮನೆ ಆಗಲೇ ಕಟ್ಟಿದ್ದರೆ

ನನ್ನ ಹಾಗೆ ಕಟ್ಟಿ ಮುಗಿಸಿದವರು ಮೊದಲು ತಾರಸಿಗೆ ಬಿಳಿ ಬಳಿಸಿ, ಆಮೇಲೆ ಪಶ್ಚಿಮದ ಗಾಜಿಗೆ ಹೊರಗಿನಿಂದ ಬಿದಿರಿನ ಪರದೆ ಕಟ್ಟಿ. ನಾನು ಎರಡನ್ನೂ ಮಾಡಿದೆ. ಗೋಡೆ ಈಗ ರಾತ್ರಿ ಹತ್ತಕ್ಕೆ ದೋಸೆ ಹಂಚಿನ ಹಾಗಿಲ್ಲ, ಉಗುರು ಬೆಚ್ಚಗಿರುತ್ತದೆ. ಪರದೆಯನ್ನು ಮೇಲೆ ಮಾತ್ರ ಕಟ್ಟಬೇಡಿ, ಕೆಳಗಿನ ಎರಡು ಮೂಲೆಗೂ ಹಗ್ಗ ಹಾಕಿ ಬಿಗಿಯಿರಿ. ಮೇ ತಿಂಗಳ ಮೊದಲ ಗಾಳಿಮಳೆಗೆ ನಮ್ಮದು ಹಾರಿ ಪಕ್ಕದ ಮನೆಯವರ ಸಂಡಿಗೆ ಮೇಲೆ ಬಿದ್ದಿತ್ತು.