ಮನೆ ರಿಪೇರಿ: ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದನ್ನು ಮುಂದೂಡಬೇಕು

ಮನೆ ರಿಪೇರಿ ಅಂದ ಕೂಡಲೇ ಹೆಚ್ಚಿನವರು ಮೊದಲು ಕರೆಯುವುದು ಪೇಂಟರನ್ನು. ಅವನು ಬರಬೇಕಾದ್ದು ಎಲ್ಲರಿಗಿಂತ ಕೊನೆಗೆ. ಗೋಡೆಗೆ ಪುಟ್ಟಿ ಹಚ್ಚಿ, ಹಾಲ್‌ಗೆ ಫಾಲ್ಸ್ ಸೀಲಿಂಗ್ ಕಟ್ಟಿಸಿ, ಗೃಹಪ್ರವೇಶದ ದಿನದಷ್ಟೇ ಚೆಂದ ಮಾಡಿಟ್ಟ ಮನೆಯಲ್ಲಿ ಮುಂದಿನ ಆಷಾಢದ ಹೊತ್ತಿಗೆ ಬಾತ್‌ರೂಮಿನ ಆಚೆಬದಿಯ ಗೋಡೆ ಉಬ್ಬಿ, ಪುಟ್ಟಿ ಹಪ್ಪಳದಂತೆ ಏಳುತ್ತದೆ. ಆಗ ಬಾತ್‌ರೂಮ್ ಒಡೆಸಬೇಕು, ಒಡೆಸಿದ ಮೇಲೆ ಮತ್ತೆ ಪೇಂಟ್ ಹೊಡೆಸಬೇಕು. ಒಂದೇ ಗೋಡೆಗೆ ಎರಡು ಸಲ ದುಡ್ಡು.

ಇಲ್ಲಿನ ಲೆಕ್ಕವೆಲ್ಲ 30×40 ಸೈಟಿನಲ್ಲಿ ನಿಂತಿರುವ, 20–25 ವರ್ಷ ಹಳೆಯ ಆರ್‌ಸಿಸಿ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಹೆಂಚಿನ ಮನೆ, ತೊಟ್ಟಿ ಮನೆಗಳ ಕತೆ ಬೇರೆ.

1. ಮನೆ ಯಾರಿಗೆ ಅನ್ನುವುದನ್ನು ಮೊದಲು ತೀರ್ಮಾನಿಸಿ

ಎರಡು ಮೂರು ವರ್ಷದಲ್ಲಿ ಮಾರುವ ಯೋಚನೆ ಇದ್ದರೆ ಒಳಗಿನ ಅಲಂಕಾರಕ್ಕೆ ಕೈಹಾಕಬೇಡಿ. ಬೆಂಗಳೂರು, ಮೈಸೂರಿನಂಥ ಊರಿನಲ್ಲಿ ಹಳೆಯ ಸ್ವತಂತ್ರ ಮನೆ ಕೊಳ್ಳುವವರು ಸೈಟಿನ ಬೆಲೆಗೇ ಚೌಕಾಸಿ ಮಾಡುತ್ತಾರೆ. ಎಷ್ಟೋ ಜನ ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುವ ಲೆಕ್ಕದಲ್ಲೇ ಬರುತ್ತಾರೆ. ನಿಮ್ಮ 6 ಲಕ್ಷದ ವಾರ್ಡ್‌ರೋಬ್‌ಗೆ ಅವರು 6 ಸಾವಿರವನ್ನೂ ಕಟ್ಟುವುದಿಲ್ಲ. ಸೋರುವುದನ್ನು ನಿಲ್ಲಿಸಿ, ಒಂದು ಕೋಟ್ ಬಣ್ಣ ಹೊಡೆಸಿ, ಖಾತೆ ಮತ್ತು ತೆರಿಗೆ ರಸೀದಿ ಸರಿಮಾಡಿಟ್ಟುಕೊಳ್ಳಿ. ಬೆಲೆ ಏರುವುದು ಅದರಿಂದ.

ಬಾಡಿಗೆಗೆ ಕೊಡುವುದಾದರೆ ಕಾಗದದ ಮೇಲೆ ಒಂದು ಭಾಗಾಕಾರ ಸಾಕು. 2 ಲಕ್ಷದ ಮಾಡ್ಯುಲರ್ ಕಿಚನ್‌ನಿಂದ ಬಾಡಿಗೆ ತಿಂಗಳಿಗೆ 2,000 ಏರಿತು ಅಂದುಕೊಳ್ಳಿ. ವರ್ಷಕ್ಕೆ 24,000. ಅಸಲು ಹುಟ್ಟಲು ಎಂಟು ವರ್ಷ ದಾಟಬೇಕು, ಬಾಡಿಗೆಯವರ ಕೈಯಲ್ಲಿ ಅಷ್ಟು ವರ್ಷ ಆ ಕಿಚನ್ ಬಾಳುವುದಿಲ್ಲ. ಅದೇ ದುಡ್ಡು ಶೇ 7ರ ಠೇವಣಿಯಲ್ಲಿದ್ದರೆ ವರ್ಷಕ್ಕೆ 14,000 ಸುಮ್ಮನೆ ಬರುತ್ತಿತ್ತು. ಕಡಪಾ ಕಲ್ಲಿನ ಹಲಗೆಗಳಿಗೆ ಬಾಗಿಲು ಕೂರಿಸಿ, ಹಳೆಯ ಕಮೋಡ್ ಬದಲಿಸಿ, 40,000 ಖರ್ಚಿನಲ್ಲಿ ಅದೇ 2,000 ಏರಿಕೆ ಸಿಕ್ಕರೆ 20 ತಿಂಗಳಲ್ಲಿ ಅಸಲು ಕೈಗೆ ಬಂತು.

ತಾರಸಿ ಮೇಲಿನ ಸೋಲಾರ್ ವಿದ್ಯುತ್ತಿಗೂ ಇದೇ ಲೆಕ್ಕ ಹಾಕಿ. ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ, ನಿಜ. ಆದರೆ ಗೃಹಜ್ಯೋತಿಯಿಂದ ನಿಮ್ಮ ಬಿಲ್ಲು ಸೊನ್ನೆ ಬರುತ್ತಿದ್ದರೆ ಉಳಿಸಲು ಅಲ್ಲಿ ಏನಿದೆ? ತಿಂಗಳಿಗೆ 400 ಯೂನಿಟ್ ಸುಡುವ ಮನೆಗೆ ಆ ಹೂಡಿಕೆ ಒಪ್ಪುತ್ತದೆ.

ನಾವೇ ವಾಸಿಸುವ ಮನೆ ಅನ್ನುವವರು ಮುಂದೆ ಓದಿ.

2. ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ

ತೇವ ಕಂಡ ಜಾಗವೂ ನೀರು ಒಳಗಿಳಿಯುವ ಜಾಗವೂ ಒಂದೇ ಆಗಿರುವುದು ಅಪರೂಪ. ಸ್ಲ್ಯಾಬ್ ಒಳಗೆ ನೀರು ಹತ್ತಡಿ ಹರಿದು, ಫ್ಯಾನ್ ಕೊಕ್ಕೆಯ ಬಳಿಯೋ ವಿದ್ಯುತ್ ಪೈಪಿನ ಬಾಯಲ್ಲೋ ತೊಟ್ಟಿಕ್ಕುತ್ತದೆ.

ಮಳೆಗಾಲದಲ್ಲಿ ಮಾತ್ರ ಕಾಣುವ ತೇವಕ್ಕೆ ತಾರಸಿ, ಸಜ್ಜೆ ಅಥವಾ ಹೊರಗೋಡೆಯ ಬಿರುಕು ಕಾರಣ. ವರ್ಷವಿಡೀ ಇದ್ದರೆ ಬಾತ್‌ರೂಮ್ ಅಥವಾ ಪೈಪು. ನೆಲದಿಂದ ಎರಡು ಮೂರು ಅಡಿವರೆಗೆ ಉಪ್ಪು ಒಡೆದು ಪುಡಿ ಉದುರುತ್ತಿದ್ದರೆ ಅಡಿಪಾಯದಿಂದ ಏರುವ ತೇವ. ಅನುಮಾನವಿದ್ದರೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚು ಟೇಪ್ ಹಾಕಿ ಗೋಡೆಗೆ ಅಂಟಿಸಿ, ಎರಡು ದಿನ ಬಿಟ್ಟು ನೋಡಿ. ಹಾಳೆಯ ಒಳಬದಿ ಹನಿ ಕಟ್ಟಿದ್ದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ಹೊರಬದಿ ಕಟ್ಟಿದ್ದರೆ ಅದು ಕೋಣೆಯ ಗಾಳಿಯ ತೇವ. ಎಕ್ಸಾಸ್ಟ್ ಫ್ಯಾನ್ ಹಾಕಿಸಿದರೆ ಮುಗಿಯಿತು, ಗೋಡೆ ಒಡೆಸಬೇಕಿಲ್ಲ.

ಪೈಪು ಸೋರುತ್ತಿದೆಯೇ ಎಂದು ತಿಳಿಯಲು ರಾತ್ರಿ ಎಲ್ಲ ನಲ್ಲಿ ಮುಚ್ಚಿ, ತಾರಸಿಯ ಟ್ಯಾಂಕಿಗೆ ನೀರು ಬರುವುದನ್ನೂ ನಿಲ್ಲಿಸಿ, ನೀರಿನ ಮಟ್ಟಕ್ಕೆ ಗೆರೆ ಎಳೆದಿಡಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಪ್ಲಂಬರ್ ಬರಲಿ. ಇಳಿದಿಲ್ಲವೆಂದರೆ ಬಾತ್‌ರೂಮಿನ ಟ್ರ್ಯಾಪಿಗೆ (ನೆಲದ ನೀರು ಹೊರಹೋಗುವ ಬಾಯಿ) ಬಟ್ಟೆ ಗಿಡಿದು ನೆಲದ ಮೇಲೆ ಒಂದಿಂಚು ನೀರು ಎರಡು ದಿನ ನಿಲ್ಲಿಸಿ. ಕೆಳಗಿನ ಕಲೆ ಹಿಗ್ಗಿದರೆ ಕಳ್ಳ ಸಿಕ್ಕಿದ. ಖರ್ಚಿಲ್ಲದ ಪರೀಕ್ಷೆಗಳಿವು, ಆದರೂ ಮಾಡುವವರು ಕಡಿಮೆ. ಗುತ್ತಿಗೆದಾರ ಹೇಳಿದ ಕಡೆ ಒಡೆಸುತ್ತಾರೆ.

ಒಳಗೋಡೆಗೆ ಹಚ್ಚುವ ‘ಡ್ಯಾಂಪ್‌ಪ್ರೂಫ್’ ಬಣ್ಣಗಳ ಬಗ್ಗೆ ಒಂದು ಮಾತು. ಹಿಂದಿನಿಂದ ನೂಕುವ ನೀರನ್ನು ಮುಂದಿನ ಬಣ್ಣ ತಡೆಯಲಾರದು. ಒಂದೆರಡು ಮಳೆಗಾಲ ಕಲೆ ಮುಚ್ಚಿಟ್ಟು, ಆಮೇಲೆ ಗಾರೆ ಸಮೇತ ಕಳಚುತ್ತದೆ.

3. ಬಾತ್‌ರೂಮ್: ದುಡ್ಡು ಇಲ್ಲಿ ಹಾಕಿ, ನಿಂತು ಮಾಡಿಸಿ

ಅತಿ ಹೆಚ್ಚು ಕೆಡುವ ಕೆಲಸ ಇದೇ. ಮೇಸ್ತ್ರಿಗಳಿಗೆ ಗೊತ್ತಿಲ್ಲವೆಂದಲ್ಲ; ಇಲ್ಲಿ ಕಾಯುವ ದಿನಗಳೇ ಹೆಚ್ಚು, ಕಾಯುವುದಕ್ಕೆ ಕೂಲಿ ಇಲ್ಲ.

8×5 ಅಡಿಯ ಬಾತ್‌ರೂಮಿನ ಲೆಕ್ಕ ನೋಡಿ. ನೆಲ 40 ಚದರಡಿ. ಸುತ್ತಳತೆ 26 ಅಡಿ, ಏಳಡಿ ಎತ್ತರಕ್ಕೆ 182, ಬಾಗಿಲಿನದು ಕಳೆದರೆ ಸುಮಾರು 165. ಒಟ್ಟು 205 ಚದರಡಿ, ಕತ್ತರಿಸಿ ವ್ಯರ್ಥವಾಗುವುದು ಶೇ 10 ಸೇರಿಸಿ 225 ಚದರಡಿ ಟೈಲ್ಸ್. ವಾಟರ್‌ಪ್ರೂಫ್ ಲೇಪನ ಬೇಕಾದ್ದು ಇದರ ಅರ್ಧದಷ್ಟಕ್ಕೆ ಮಾತ್ರ: ನೆಲ 40, ಸುತ್ತ ಗೋಡೆಗೆ ಒಂದಡಿ ಎತ್ತರ 26, ಶವರ್ ಮೂಲೆಯ ಎರಡು ಗೋಡೆಗೆ ಉಳಿದ ಆರಡಿ ಸುಮಾರು 48. ಹತ್ತಿರ ಹತ್ತಿರ 115 ಚದರಡಿ. ಇಡೀ ಬಾತ್‌ರೂಮ್ ಖರ್ಚಿನಲ್ಲಿ ಚಿಕ್ಕ ಪಾಲು ಇದು, ಉಳಿತಾಯ ಮಾಡಲು ಎಲ್ಲರೂ ಹುಡುಕುವ ಜಾಗವೂ ಇದೇ.

ಟೈಲ್ಸ್ ಜೊತೆ ಕೆಳಗಿನ ಗಾರೆ, ಭರ್ತಿ ಎಲ್ಲವನ್ನೂ ತೆಗೆಸಿ ಸ್ಲ್ಯಾಬ್ ಕಾಣಿಸಬೇಕು. ಹಳೆಯ ಮನೆಗಳ ಸಂಕನ್ ಸ್ಲ್ಯಾಬಿನೊಳಗೆ (ಪೈಪು ಹಾಯಿಸಲು ತಗ್ಗಿಸಿ ಹಾಕಿದ ಸ್ಲ್ಯಾಬ್) ಕಟ್ಟಡದ ಕಸ, ಮಣ್ಣು ತುಂಬಿರುತ್ತಾರೆ. ಅದು ವರ್ಷಗಟ್ಟಲೆ ನೀರು ಕುಡಿದು ಒಳಗೇ ಒಂದು ಕೆರೆಯಾಗಿರುತ್ತದೆ. ಮೇಲೆ ಎಷ್ಟೇ ಲೇಪಿಸಿದರೂ ಆ ಕೆರೆ ತಿಂಗಳುಗಟ್ಟಲೆ ಕೆಳಕ್ಕೆ ಇಳಿಯುತ್ತಲೇ ಇರುತ್ತದೆ. ಕಂಬಿ ಕಂಡರೆ ತುಕ್ಕು ಉಜ್ಜಿಸಿ, ತುಕ್ಕು ತಡೆಯುವ ಪ್ರೈಮರ್ ಹಚ್ಚಿಸಿ, ಪಾಲಿಮರ್ ಗಾರೆ ಹಾಕಿಸಿ. ತುಕ್ಕು ಹಿಡಿದ ಕಂಬಿ ಹಿಗ್ಗಿ ಕಾಂಕ್ರೀಟನ್ನೇ ಒಡೆಯುತ್ತದೆ.

ಆಮೇಲೆ ಪೈಪು. ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿನಲ್ಲಿ ಅರ್ಧ ಬದಲಿಸಿ ಅರ್ಧ ಉಳಿಸುವ ಕೆಲಸ ಬೇಡ. ಪೂರ್ತಿ ಸಿಪಿವಿಸಿ (ಬಿಸಿನೀರು ತಾಳುವ ಪ್ಲಾಸ್ಟಿಕ್) ಮಾಡಿಸಿ. ನೀರನ್ನು ನಲ್ಲಿಗೋ ಶವರಿಗೋ ತಿರುಗಿಸುವ ಡೈವರ್ಟರ್ ಗೋಡೆಯೊಳಗೆ ಕೂರುವ ಆಳವನ್ನು ಟೈಲ್ಸ್ ಮತ್ತು ಅಂಟಿನ ದಪ್ಪ ಸೇರಿಸಿ ಅಳೆಯಬೇಕು. ಇಲ್ಲವಾದರೆ ಅದರ ಮುಖದ ತಟ್ಟೆ ಗೋಡೆಗೆ ಕೂರುವುದಿಲ್ಲ. ಗಾರೆ ಮುಚ್ಚುವ ಮುನ್ನ ಪ್ರೆಷರ್ ಪಂಪ್ ಕಟ್ಟಿ ಪೈಪಿನಲ್ಲಿ ಒತ್ತಡ ತುಂಬಿಸಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆಗೆ ಪಂಪಿನ ಒತ್ತಡದ ಮೀಟರಿನ ಮುಳ್ಳು ಇಳಿದಿರಬಾರದು. ಪ್ಲಂಬರ್ ‘ನಲ್ಲಿ ಬಿಟ್ಟು ನೋಡಿದೆ ಸಾರ್, ಸೋರಲ್ಲ’ ಅಂದರೆ ಅದು ಪರೀಕ್ಷೆಯಲ್ಲ.

ಸ್ಲ್ಯಾಬ್ ತೂರಿಹೋಗುವ ಪೈಪಿನ ಸುತ್ತ ಇರುವ ಸಂದು ಮುಖ್ಯ. ಅಲ್ಲಿ ಬರೀ ಸಿಮೆಂಟ್ ತುಂಬಿದರೆ ಒಣಗಿ ಕುಗ್ಗಿ, ಕಣ್ಣಿಗೆ ಕಾಣದ ಉಂಗುರದಂಥ ಬಿರುಕು ಬಿಡುತ್ತದೆ. ಕುಗ್ಗದ ಗ್ರೌಟ್ ಅಂತಲೇ ಚೀಲ ಸಿಗುತ್ತದೆ, ಅದನ್ನೇ ತರಿಸಿ. ನೆಲ–ಗೋಡೆ ಸೇರುವ ಮೂಲೆಯನ್ನು ಚೂಪಾಗಿ ಬಿಡದೆ ಒಂದು–ಮೂರರ (ಸಿಮೆಂಟ್ ಒಂದು ಪಾಲು, ಮರಳು ಮೂರು) ಗಾರೆಯಿಂದ ಎರಡಿಂಚು ಗುಂಡಗೆ ಮಾಡಿಸಿ. ಚೂಪು ಮೂಲೆಯಲ್ಲಿ ಲೇಪನ ತೆಳುವಾಗಿ ಅಲ್ಲೇ ಸೀಳುತ್ತದೆ.

ಲೇಪನಕ್ಕೆ ದ್ರವ ಮತ್ತು ಪುಡಿ ಎರಡೂ ಇರುವ ಪಾಲಿಮರ್ ಸಿಮೆಂಟ್ ಕೋಟಿಂಗ್ ತನ್ನಿ. ಮೊದಲು ನೆಲವನ್ನು ಒದ್ದೆ ಮಾಡಿ. ತೇವ ಇರಲಿ, ನೀರು ನಿಲ್ಲದಿರಲಿ. ಬಕೆಟ್ಟಿಗೆ ದ್ರವ ಮೊದಲು, ಆಮೇಲೆ ಪುಡಿ, ಗಂಟಿಲ್ಲದಂತೆ ಕಲಕುವುದು. ಇಲ್ಲಿ ನೀವು ಅಲ್ಲೇ ನಿಂತಿರಬೇಕು. ಬ್ರಷ್ ಸರಾಗವಾಗಿ ಓಡಲಿ ಅಂತ ಕೆಲಸದವರು ಒಂದು ಚೊಂಬು ನೀರು ಸುರಿಯುತ್ತಾರೆ. ಸುರಿದ ಆ ನೀರು ಆರಿಹೋದ ಜಾಗ ಸಣ್ಣ ರಂಧ್ರಗಳಾಗಿ ಉಳಿಯುತ್ತದೆ. ಮೊದಲ ಕೋಟ್ ಉದ್ದಕ್ಕೆ, ಅದು ಒಣಗಿದ ಮೇಲೆ ಎರಡನೆಯದು ಅಡ್ಡಕ್ಕೆ. ಬಾಗಿಲ ಹೊಸ್ತಿಲ ಕಲ್ಲನ್ನು ತೆಗೆಸಿ, ಅದರ ಅಡಿಗೂ ಲೇಪನ ಏರಿಸಿ. ಪಕ್ಕದ ಬೆಡ್‌ರೂಮಿನ ಸ್ಕರ್ಟಿಂಗ್ ಕಪ್ಪಾಗುವ ಮನೆಗಳಲ್ಲಿ ಹೆಚ್ಚಾಗಿ ತಪ್ಪಿರುವುದು ಈ ಒಂದು ಗೆರೆ.

ಚೀಲದ ಮೇಲೆ ಬರೆದಷ್ಟು ದಿನ ಒಣಗಲು ಬಿಟ್ಟು, ಟ್ರ್ಯಾಪ್ ಮುಚ್ಚಿ, ಎರಡಿಂಚು ನೀರು ನಿಲ್ಲಿಸಿ ಗೋಡೆಗೆ ಪೆನ್ಸಿಲ್ ಗುರುತು ಹಾಕಿ. 48 ಗಂಟೆ. ಕೆಳಗೆ ಹೋಗಿ ಸ್ಲ್ಯಾಬ್ ಮುಟ್ಟಿ ನೋಡಿ. 24 ಗಂಟೆಗೇ ನೀರು ಬಿಟ್ಟುಬಿಡಿ ಅನ್ನುವವರಿಗೆ ಒಪ್ಪಬೇಡಿ, ನಿಧಾನದ ಸೋರಿಕೆ ಎರಡನೆಯ ದಿನವೇ ತೋರಿಸಿಕೊಳ್ಳುವುದು.

ಭರ್ತಿಗೆ ಸ್ವಚ್ಛ ಇಟ್ಟಿಗೆ ಚೂರು ಮತ್ತು ಗಾರೆ. ವಾಟ (ನೀರು ಹರಿಯುವ ಇಳಿಜಾರು) ಈ ಗಾರೆಯಲ್ಲೇ ಬರಬೇಕು, ಅಡಿಗೆ ಸುಮಾರು 4 ಮಿ.ಮೀ.; ಎಂಟಡಿಗೆ ಹೆಚ್ಚುಕಡಿಮೆ ಒಂದೂಕಾಲು ಇಂಚು. ವಾಟವನ್ನು ಟೈಲ್ಸ್ ಅಂಟಿನಲ್ಲಿ ಸರಿಮಾಡುತ್ತೇವೆ ಅಂದರೆ ಕೆಲಸ ನಿಲ್ಲಿಸಿ. ಗಾರೆಯ ಮೇಲೆ ಇನ್ನೊಮ್ಮೆ ಎರಡು ಕೋಟ್ ಲೇಪನ, ಇನ್ನೊಮ್ಮೆ ನೀರು ನಿಲ್ಲಿಸುವುದು. ಇದಾದ ಮೇಲೆ ಯಾರೂ ನೆಲಕ್ಕೆ ಉಳಿ, ಡ್ರಿಲ್ ಮುಟ್ಟಿಸಬಾರದು. ಮರೆತ ಪೈಪೊಂದಕ್ಕಾಗಿ ಪ್ಲಂಬರ್ ಮರುದಿನ ಬಂದು ಕುಟ್ಟಿದರೆ ಅಷ್ಟೂ ಕೆಲಸ ಹಾಳು.

ಟೈಲ್ಸ್ ಹಾಕುವಾಗ ಹಲ್ಲಿನ ಕರಣೆಯಿಂದ ಅಂಟನ್ನು ಪೂರ್ತಿ ಎಳೆಯಬೇಕು. ನಾಲ್ಕು ಮೂಲೆಗೆ ನಾಲ್ಕು ಉಂಡೆ ಇಟ್ಟು ಒತ್ತುವುದು ಬೇಡ. ಟೊಳ್ಳು ಉಳಿದಲ್ಲಿ ನೀರು ಕೂರುತ್ತದೆ, ಬಕೆಟ್ ಬಿದ್ದರೆ ಟೈಲ್ ಸೀಳುತ್ತದೆ. ಮರುವಾರ ನಾಣ್ಯದಿಂದ ತಟ್ಟಿ ಸದ್ದು ಕೇಳಿ. ಸಂದಿಗೆ ಎಪಾಕ್ಸಿ ಗ್ರೌಟ್ ತುಂಬಿಸಿ, ಬಿಳಿ ಸಿಮೆಂಟ್ ಬೇಡ.

‘ಒಡೆಯದೆ ರಿಪೇರಿ’ ಎಂಬ ಜಾಹೀರಾತಿನ ಎಪಾಕ್ಸಿ ತುಂಬುವ ಕೆಲಸಕ್ಕೂ ಜಾಗವಿದೆ. ಟೈಲ್ಸ್ ಗಟ್ಟಿಯಿದ್ದು, ಪೈಪು ಸರಿಯಿದ್ದು, ಸಂದು ಮಾತ್ರ ಬಿಟ್ಟಿದ್ದರೆ ಅದು ಸಾಕಾಗುತ್ತದೆ. ಸಂಕನ್ ಒಳಗೆ ಕೆರೆ ಕಟ್ಟಿದ್ದರೆ ಅಲ್ಲ.

4. ತಾರಸಿ ಮತ್ತು ವೈರಿಂಗ್

ತಾರಸಿ ಕೆಲಸಕ್ಕೆ ಮಾರ್ಚ್–ಏಪ್ರಿಲ್. ಬಿರುಕನ್ನು ವಿ ಆಕಾರಕ್ಕೆ ಬಿಡಿಸಿ ತುಂಬಿಸಿ, ಪ್ಯಾರಾಪೆಟ್ ಬುಡ ಗುಂಡಗೆ ಮಾಡಿಸಿ, ನೀರು ನಿಲ್ಲುವಲ್ಲಿ ವಾಟ ಕೊಡಿಸಿ, ಆಮೇಲೆ ಬಿಳಿ ಲೇಪನ. ಸೋಲಾರ್ ಹೀಟರಿನ ಕಾಲು ಕೂರಿಸುವುದಿದ್ದರೆ ಲೇಪನಕ್ಕೆ ಮೊದಲೇ. ಸೋರುವ ತಾರಸಿ ಮೇಲೆ ಕೂಲ್ ಟೈಲ್ಸ್ ಹಾಸಬೇಡಿ. ಸ್ಲ್ಯಾಬಿಗೆ ಭಾರ ಹೆಚ್ಚುತ್ತದೆ, ಸೋರುವ ಜಾಗ ಶಾಶ್ವತವಾಗಿ ಮುಚ್ಚಿಹೋಗುತ್ತದೆ.

ಮೀಟರ್ ಬೋರ್ಡಿನಲ್ಲಿ ಇನ್ನೂ ಪಿಂಗಾಣಿ ಫ್ಯೂಸ್ ಇದ್ದರೆ ಕಿಚನ್‌ಗಿಂತ ಮೊದಲು ಅದು. ದೀಪಕ್ಕೆ 1.5, ಪ್ಲಗ್ಗಿಗೆ 2.5, ಗೀಸರ್ ಮತ್ತು ಎಸಿಗೆ 4 ಚದರ ಮಿ.ಮೀ. ತಾಮ್ರದ ವೈರ್, ಒಳ್ಳೆಯ ಅರ್ಥಿಂಗ್, ವಿದ್ಯುತ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆ್ಯಂಪ್‌ನ ಆರ್‌ಸಿಸಿಬಿ. ಗೋಡೆ ಒಡೆದಿರುವಾಗಲೇ ಇಂಡಕ್ಷನ್ ಒಲೆಗೆ ಪ್ರತ್ಯೇಕ ಲೈನ್ ಎಳೆಸಿಬಿಡಿ.

5. ಕಿಚನ್, ನೆಲ, ಸೀಲಿಂಗ್

ಗ್ರಾನೈಟ್ ಕಟ್ಟೆ, ಕಡಪಾ ಹಲಗೆ ಗಟ್ಟಿಯಿದ್ದರೆ ಉಳಿಸಿಕೊಳ್ಳಿ. ಅದಕ್ಕೆ ಬಾಗಿಲು, ಎರಡು ಬುಟ್ಟಿ ಕೂರಿಸಿದರೆ ಸಾಕು. ಕಲ್ಲಿಗೆ ಗೆದ್ದಲು ಹತ್ತುವುದಿಲ್ಲ. ಸಿಂಕಿನ ಕೆಳಗೆ ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಬೇಡವೇ ಬೇಡ. ಒಂದು ಸಲ ನೀರು ಕುಡಿದರೆ ಬನ್ನಿನಂತೆ ಊದಿಕೊಳ್ಳುತ್ತವೆ. ನೀರು ತಾಳುವ ಐಎಸ್ 710 ಮುದ್ರೆಯ ಪ್ಲೈವುಡ್ ಅಥವಾ ಅಲ್ಯುಮಿನಿಯಂ ಇರಲಿ. ಸ್ಟೀಲ್ ಬುಟ್ಟಿಗೆ ಅಯಸ್ಕಾಂತ ಹಿಡಿದು ‘ನೋಡಿ, ಅಂಟಲ್ಲ, 304’ ಎಂದು ತೋರಿಸುವ ಅಂಗಡಿಗಳಿವೆ. 304 ತುಕ್ಕು ತಾಳುವ ಸ್ಟೀಲ್ ಗ್ರೇಡ್, ನಿಜ; ತುಕ್ಕು ಹಿಡಿಯುವ 202 ಗ್ರೇಡಿಗೂ ಅಯಸ್ಕಾಂತ ಅಂಟುವುದಿಲ್ಲ. ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಳ್ಳಿ. ಹೊಗೆ ಹೊರಗೆ ಹಾಕದ ಚಿಮಣಿ ನಮ್ಮ ಒಗ್ಗರಣೆಗೆ ಏನೂ ಅಲ್ಲ.

ಮೊಸಾಯಿಕ್ ಅಥವಾ ರೆಡ್ ಆಕ್ಸೈಡ್ ನೆಲ ಇದ್ದರೆ ಪಾಲಿಶ್ ಮಾಡಿಸಿ. ಅದರ ಮೇಲೆ ಟೈಲ್ಸ್ ಅಂಟಿಸಿದರೆ ನೆಲ ಅರ್ಧ ಇಂಚು ಏರಿ, ಎಲ್ಲ ಬಾಗಿಲಿನ ತಳ ಕೊಯ್ಯಿಸಬೇಕಾಗುತ್ತದೆ. ಫಾಲ್ಸ್ ಸೀಲಿಂಗ್? ಹತ್ತಡಿ ಎತ್ತರದ ಹಳೆಯ ಮನೆಗೆ ಬೇಡ. ಹಲ್ಲಿಗೆ ಮನೆ, ಸೋರಿಕೆಗೆ ಪರದೆ. ಗೋಡೆ ಒಡೆದು ಹಾಲ್ ದೊಡ್ಡದು ಮಾಡುವ ಆಸೆಯಿದ್ದರೆ ಸ್ಟ್ರಕ್ಚರಲ್ ಎಂಜಿನಿಯರಿಗೆ ತೋರಿಸದೆ ಒಂದು ಇಟ್ಟಿಗೆಯನ್ನೂ ತೆಗೆಸಬೇಡಿ. ಪಿಲ್ಲರ್ ಇಲ್ಲದ ಮನೆಯಲ್ಲಿ ಆ ಒಂಬತ್ತಿಂಚಿನ ಗೋಡೆಯೇ ಸ್ಲ್ಯಾಬನ್ನು ಹೊತ್ತಿರುತ್ತದೆ.

6. ಎಸ್ಟಿಮೇಟ್ ಮತ್ತು ಪಾವತಿ

‘ಬಾತ್‌ರೂಮ್ ಒಂದಕ್ಕೆ ಇಷ್ಟು’ ಎಂಬ ಒಟ್ಟು ಮೊತ್ತ ಒಪ್ಪಬೇಡಿ. ಒಡೆಯುವುದು, ಕಸ ಸಾಗಿಸುವುದು, ಪೈಪು, ಲೇಪನ ಎಷ್ಟು ಚದರಡಿ ಎಷ್ಟು ಕೋಟ್, ಟೈಲ್ಸ್ ಕೂಲಿ, ಎಲ್ಲ ಬಿಡಿಬಿಡಿಯಾಗಿ ಬರಲಿ. ಎಸ್ಟಿಮೇಟಿನಲ್ಲಿ ಹೆಚ್ಚಾಗಿ ಮಾಯವಾಗಿರುವುದು ಕಸ ಸಾಗಣೆ. ಆಮೇಲೆ ಟ್ರ್ಯಾಕ್ಟರ್ ಲೋಡಿನ ಲೆಕ್ಕದಲ್ಲಿ ಬರುತ್ತದೆ. ಹಳೆಯ ಮನೆ ಒಡೆದಾಗ ಏನಾದರೂ ಹೊರಬಿದ್ದೇ ಬೀಳುತ್ತದೆ, ಶೇ 15 ಬೇರೆ ಎತ್ತಿಡಿ. ನೀರು ನಿಲ್ಲಿಸಿದ ಪರೀಕ್ಷೆ ಪಾಸಾಗುವವರೆಗೆ ಟೈಲ್ಸ್ ಹಂತದ ದುಡ್ಡು ಕೊಡಬೇಡಿ. ಶೇ 10 ಒಂದು ಮಳೆಗಾಲ ಕಳೆದ ಮೇಲೆ ಎಂದು ಮೊದಲೇ ಬರೆದುಕೊಳ್ಳಿ. ಪೇಂಟರನ್ನು ಕರೆಯುವುದೂ ಆ ಮಳೆಗಾಲ ಕಳೆದ ಮೇಲೇ.

ಗಾರೆ ಮುಚ್ಚುವ ಮುನ್ನ ಪೈಪು, ವೈರಿನ ಪಕ್ಕ ಟೇಪು ಹಿಡಿದು ಪ್ರತಿ ಗೋಡೆಯ ಫೋಟೊ ತೆಗೆದಿಡಿ, ಮುಂದೆ ಕನ್ನಡಿಗೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ. ಉಳಿದ ಟೈಲ್ಸ್ ಅಂಗಡಿಗೆ ವಾಪಸು ಕೊಡದೆ ಒಂದು ಬಾಕ್ಸ್ ಅಟ್ಟದ ಮೇಲಿರಲಿ. ಎರಡು ವರ್ಷ ಬಿಟ್ಟು ಒಂದು ಟೈಲ್ ಒಡೆದರೆ ಅದೇ ಬಣ್ಣದ ಬ್ಯಾಚ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.